ಗೆದ್ದಲು ಹೇಳಬೇಕು, ನೆರೆಯವರ ಸುದ್ದಿ ಹೇಳಬಾರದು

ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತ ನೆಲೆಸಿದ ನಮ್ಮ ಜನ, ಮಕ್ಕಳು ಕಾಲೇಜು ಸೇರಿ ಮನೆ ಖಾಲಿಯಾದ ಮೇಲೆ ಏನು ಮಾಡುತ್ತಾರೆ ಎಂದು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಗಂಡಸರು ದುಬಾರಿ ಸೈಕಲ್ ಕೊಂಡು ಅದಕ್ಕೆ ತಕ್ಕ ಬಿಗಿ ಚಡ್ಡಿಯನ್ನೂ ಕೊಳ್ಳುತ್ತಾರೆ. ಹೆಂಗಸರು ರಿಯಲ್ ಎಸ್ಟೇಟ್ ಲೈಸೆನ್ಸ್ ಪರೀಕ್ಷೆ ಕಟ್ಟುತ್ತಾರೆ. ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ನಿಮ್ಮ ಮುಂದೊಬ್ಬರು, ಹಿಂದೊಬ್ಬರು ಏಜೆಂಟರಿರುವುದು ಗ್ಯಾರಂಟಿ; ಕೋಸಂಬರಿ ಬಡಿಸಿಕೊಳ್ಳುವಷ್ಟರಲ್ಲಿ ಬಡ್ಡಿದರದ ಭವಿಷ್ಯವೂ ಎಲೆಗೆ ಬಿದ್ದಿರುತ್ತದೆ.

ನಾನು ಪರೀಕ್ಷೆ ಕಟ್ಟಿದ್ದಕ್ಕೂ ಘನವಾದ ಕಾರಣವೇನಿಲ್ಲ. ನಾವು ಫ್ರೀಮಾಂಟಿನಲ್ಲಿ ಮನೆ ಕೊಳ್ಳುವಾಗ ಏಜೆಂಟ್ ಮಹಾಶಯರು ಒಂದು ಬಾಗಿಲು ತೆರೆದು, ‘ಇದು ಅಡುಗೆಮನೆ’ ಎಂದಿದ್ದರು. ಒಲೆ, ಸಿಂಕು, ಫ್ರಿಜ್ಜು ಮೂರೂ ಅಲ್ಲೇ ಇದ್ದದ್ದರಿಂದ ನನಗೂ ಹಾಗೇ ಅನ್ನಿಸಿತ್ತು. ಇಷ್ಟಕ್ಕೇ ಅಷ್ಟು ಕಮಿಷನ್ ಸಿಗುವುದಾದರೆ ನಾನೂ ಬಾಗಿಲು ತೆರೆಯಬಲ್ಲೆ ಅಂದುಕೊಂಡೆ. ಬಾಗಿಲು ತೆರೆಯುವುದಕ್ಕೆ ಮುಂಚೆ ಮೂರು ಕೋರ್ಸು, ಒಟ್ಟು 135 ಗಂಟೆ ಪಾಠ, ಆಮೇಲೆ 150 ಪ್ರಶ್ನೆಗಳ ಪರೀಕ್ಷೆ ಇದೆ ಎಂದು ಗೊತ್ತಾಗುವ ಹೊತ್ತಿಗೆ ಹಣ ಕಟ್ಟಿಯಾಗಿತ್ತು. ಪಠ್ಯದ ಮೊದಮೊದಲ ಪುಟಗಳಲ್ಲೇ ಸಮಾಧಾನದ ಒಂದು ಸಂಗತಿಯೂ ಸಿಕ್ಕಿತು. ಅಮೆರಿಕದಲ್ಲಿ ಇಂಥ ಲೈಸೆನ್ಸ್ ಕಾಯ್ದೆಯನ್ನು ಮೊದಲು ತಂದದ್ದು ಕ್ಯಾಲಿಫೋರ್ನಿಯಾ, 1917ರಲ್ಲಿ. ಅದು ಕೋರ್ಟಿನಲ್ಲಿ ಬಿದ್ದುಹೋಗಿ, 1919ರಲ್ಲಿ ಮತ್ತೆ ತಂದರು. ಕಾಯ್ದೆಯೇ ಎರಡನೇ ಸಲಕ್ಕೆ ಪಾಸಾಗಿರುವಾಗ ನನ್ನನ್ನು ಕೇಳುವವರು ಯಾರು?

ಅಪ್ಪ ಆ ವೇಳೆಗೆ ವಿಸಿಟರ್ ವೀಸಾದಲ್ಲಿ ಬಂದು ಸೋಫಾದ ಎಡತುದಿಯಲ್ಲಿ ಪ್ರತಿಷ್ಠಾಪಿತರಾಗಿದ್ದರು. ಸರ್ವೆ ಇಲಾಖೆಯಲ್ಲಿದ್ದುಕೊಂಡು ಹಾಸನ ಜಿಲ್ಲೆಯ ಹೊಲಗದ್ದೆಗಳ ಮೇಲೆ ಚೈನು ಎಳೆಸಿ, ಕಲ್ಲು ನೆಡಿಸಿ, ಅಣ್ಣತಮ್ಮಂದಿರ ಬೈಗುಳ ತಿಂದು ನಿವೃತ್ತರಾದವರು. ಅಮೆರಿಕದಲ್ಲಿ ಅವರಿಗೆ ಎಲ್ಲ ಸುಖವೂ ಇತ್ತು. ಗಡಿ ತಕರಾರು ಒಂದಿರಲಿಲ್ಲ. ನನ್ನ ಪುಸ್ತಕ ಅವರ ಕೈಗೆ ಸಿಕ್ಕಿದ್ದೇ ತಡ, ನಮ್ಮ ಹಾಲಿನಲ್ಲಿ ಕಚೇರಿ ಶುರುವಾಯಿತು.

“ಎಕರೆಗೆ ಎಷ್ಟು ಚದರಡಿ?”

“ನಲವತ್ತಮೂರು ಸಾವಿರದ ಐನೂರ ಅರವತ್ತು.”

“ಯಾಕೆ?”

ಯಾಕೆ ಎಂದು ಪುಸ್ತಕದಲ್ಲಿ ಇರಲಿಲ್ಲ.

“ಬಾಯಿಪಾಠ ಮಾಡಿದ್ದು ಹಾಲ್‌ನಲ್ಲಿ ಹಾರಿಹೋಗತ್ತೆ ಕಣೇ. ನಮ್ಮ ಚೈನು ಮೂವತ್ತಮೂರು ಅಡಿ. ಮೂವತ್ತಮೂರು ಮೂವತ್ತಮೂರ್ಲೆ ಸಾವಿರದ ಎಂಬತ್ತೊಂಬತ್ತು. ಅದು ಒಂದು ಗುಂಟೆ. ಅಂಥ ನಲವತ್ತು ಸೇರಿದ್ರೆ ಎಕರೆ. ಗುಣಿಸಿ ನೋಡು.”

ಗುಣಿಸಿದೆ. ಸರಿಯಾಗಿ 43,560. ಇಲ್ಲಿನವರ ಚೈನು 66 ಅಡಿ, 17ನೇ ಶತಮಾನದ ಇಂಗ್ಲೆಂಡಿನಲ್ಲಿ ಎಡ್ಮಂಡ್ ಗುಂಟರ್ ಎಂಬ ಪಾದ್ರಿ ರೂಢಿಗೆ ತಂದದ್ದು. ನಮ್ಮದು ಸರಿಯಾಗಿ ಅದರ ಅರ್ಧ. ಅದನ್ನು ಓದಿ ಹೇಳಿದ ಮೇಲೆ ಅಪ್ಪನಿಗೆ ಈ ದೇಶದ ಬಗ್ಗೆ ಒಂದು ಬಗೆಯ ಬಂಧುಭಾವ ಹುಟ್ಟಿತು. ಆರು ಮೈಲಿ ಉದ್ದ, ಆರು ಮೈಲಿ ಅಗಲಕ್ಕೆ ಒಂದು ಟೌನ್‌ಶಿಪ್, ಅದರೊಳಗೆ 36 ಸೆಕ್ಷನ್, ಒಂದೊಂದಕ್ಕೆ 640 ಎಕರೆ ಎಂದಾಗ ತಲೆದೂಗಿದರು. ಸೆಕ್ಷನ್ನುಗಳ ಎಣಿಕೆ ಈಶಾನ್ಯ ಮೂಲೆಯಿಂದ ಶುರುವಾಗುತ್ತದೆ ಎಂದಾಗಲಂತೂ ಎದ್ದೇ ಕೂತರು. “ನೋಡಿದ್ಯಾ? ವಾಸ್ತು ಗೊತ್ತಿದ್ದೋರು!”

ಉತ್ತರ ಕ್ಯಾಲಿಫೋರ್ನಿಯಾದ ಬಹುಪಾಲು ಅಳತೆಗೆ ಮೂಲಬಿಂದು ಡಯಾಬ್ಲೋ ಬೆಟ್ಟದ ನೆತ್ತಿ. 1851ರಲ್ಲಿ ಅಲ್ಲಿಂದ ಗೆರೆ ಎಳೆದರು. ಅದು ನಮ್ಮನೆಯಿಂದ ಕಾರಿನಲ್ಲಿ ಹೋಗಿಬರುವಷ್ಟು ದೂರವಷ್ಟೆ ಎಂದು ತಿಳಿದ ಮೇಲೆ ಬಿಡುತ್ತಾರೆಯೆ? ಬೇರೆಯವರ ಅಪ್ಪಂದಿರು ಗೋಲ್ಡನ್ ಗೇಟ್ ಸೇತುವೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಊರಿಗೆ ಕಳಿಸುತ್ತಾರೆ. ನಮ್ಮಪ್ಪ ತಮ್ಮ ಹಳೇ ಸಹೋದ್ಯೋಗಿಗಳಿಗೆಲ್ಲ ಕಳಿಸಿದ್ದು ಡಯಾಬ್ಲೋ ನೆತ್ತಿಯ ಫೋಟೊ.

ಇನ್ನೊಬ್ಬರ ಜಮೀನನ್ನು ಅನುಭವಿಸಿ ಹಕ್ಕು ಸ್ಥಾಪಿಸುವ ಅಧ್ಯಾಯ ಬಂದಾಗ ನನಗೆ ಸ್ವಲ್ಪ ದಿಗಿಲೇ ಆಯಿತು. ನಮ್ಮ ದೇಶದಲ್ಲಿ ಖಾಸಗಿ ಜಮೀನಿಗೆ 12 ವರ್ಷ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಒಡೆಯನ ಒಪ್ಪಿಗೆಯಿಲ್ಲದೆ, ಎಲ್ಲರಿಗೂ ಕಾಣುವ ಹಾಗೆ, ಸತತ ಐದು ವರ್ಷ ಅನುಭವದಲ್ಲಿಟ್ಟುಕೊಂಡು ಆ ಜಾಗದ ತೆರಿಗೆಯನ್ನೂ ಕಟ್ಟಿರಬೇಕು. “ಐದೇ ವರ್ಷಾನಾ!” ಎಂದು ಅಪ್ಪ ಉದ್ಗರಿಸಿದರು. ಸಂಜೆ ನೋಡಿದರೆ ಹಿತ್ತಲ ಬೇಲಿಯ ಪಕ್ಕ ಕೈ ಹಿಂದೆ ಕಟ್ಟಿಕೊಂಡು, ಪಕ್ಕದ ಮನೆಯ ನಿಂಬೆಗಿಡ ಎಷ್ಟು ಈಚೆ ಬಂದಿದೆ ಎಂದು ಹೆಜ್ಜೆಯಲ್ಲಿ ಅಳೆಯುತ್ತಿದ್ದರು.

ಮನೆ ಮಾರಿದಾಗ ಮಾಲೀಕ ಹೊತ್ತುಕೊಂಡು ಹೋಗಬಹುದಾದ್ದು ಯಾವುದು, ಮನೆಯ ಜೊತೆಗೇ ಬಿಟ್ಟು ಹೋಗಬೇಕಾದ್ದು ಯಾವುದು ಅನ್ನುವುದಕ್ಕೂ ಒಂದು ಅಧ್ಯಾಯ. ಆ ವಸ್ತುವನ್ನು ಹೇಗೆ ಜೋಡಿಸಿದೆ, ಈ ಮನೆಗೆಂದೇ ಹೊಂದಿಸಿದ್ದೇ, ವ್ಯವಹಾರದ ಎರಡು ಕಡೆಯವರು ಪರಸ್ಪರ ಏನಾಗಬೇಕು, ಜೋಡಿಸಿದವರ ಉದ್ದೇಶವೇನು, ಕರಾರಿನಲ್ಲಿ ಏನು ಬರೆದಿದೆ ಎಂದು ನೋಡಬೇಕು. ಈ ಐದರ ಇಂಗ್ಲಿಷ್ ಮೊದಲಕ್ಷರ ಸೇರಿಸಿದರೆ ಮರಿಯಾ. ಇಲ್ಲಿ ಪರೀಕ್ಷೆಗೆ ಓದುವವರೆಲ್ಲ ಸ್ನಾನದ ಹೊತ್ತಿನಲ್ಲಿ ಮರಿಯಾ ಜಪ ಮಾಡುತ್ತಾರೆ. ನಾನು ಜಪ ಮಾಡುತ್ತಾ ನಮ್ಮನೆಯನ್ನೇ ನೋಡಿದೆ. ತೂಗುಮಂಚವನ್ನು ಚಾವಣಿಯ ತೊಲೆಗೆ ಬೋಲ್ಟ್ ಹಾಕಿ ಬಿಗಿದಿದೆ. ಅದು ಮನೆಗೆ ಸೇರಿತು. ಬಾಗಿಲಿನ ತೋರಣ ಪ್ಲಾಸ್ಟಿಕ್ಕಿನದೇ ಇರಬಹುದು, ಮೊಳೆ ಹೊಡೆದಿದೆ, ಅನುಮಾನ. ದೇವರ ಮಂಟಪಕ್ಕೆ ನಾಲ್ಕು ಸ್ಕ್ರೂ. ಅಂದರೆ ಮಂಟಪ ಕೊಂಡವರ ಪಾಲಿಗೆ, ಒಳಗಿರುವ ವೆಂಕಟರಮಣ ನಮ್ಮ ಪಾಲಿಗೆ. “ಏನೇ ಆಗಲಿ, ಮಂಟಪ ನಮ್ಮದು ಅಂತ ಕರಾರಿನಲ್ಲಿ ಮೊದಲೇ ಬರೆಸಿಬಿಡೋಣ ಕಣ್ರೀ” ಎಂದು ರಾತ್ರಿ ಇವರನ್ನು ಎಬ್ಬಿಸಿ ಹೇಳಿದೆ. ಇವರು ದಡಬಡಿಸಿ ಎದ್ದು, “ಮನೆ ಮಾರ್ತಾ ಇದೀವಾ?” ಅಂದರು.

ಆದರೆ ಈ ಪರೀಕ್ಷೆಯ ಜೀವ ಇರುವುದು ಅಳತೆಯಲ್ಲಲ್ಲ, ಬಾಯಿಯಲ್ಲಿ. ಏನು ಹೇಳಲೇಬೇಕು, ಏನು ಹೇಳಲೇಬಾರದು.

ಮೊದಲು, ಹೇಳಲೇಬೇಕಾದ್ದು. ಸೂರು ಸೋರುತ್ತಿದ್ದರೆ ಹೇಳಬೇಕು. ಗೆದ್ದಲು ಗೊತ್ತಿದ್ದರೆ ಹೇಳಬೇಕು. ಅಕ್ಕಪಕ್ಕದ ಗದ್ದಲ, ಕಾಟ ಇದ್ದರೆ ಅದಕ್ಕೂ ಮಾರುವವರು ತುಂಬಿಕೊಡುವ ಫಾರಂನಲ್ಲಿ ಜಾಗವಿದೆ. ನೆರೆ ಬರುವ ಜಾಗವೇ, ಅಣೆಕಟ್ಟು ಒಡೆದರೆ ಮುಳುಗುತ್ತದೆಯೇ, ಕಾಡ್ಗಿಚ್ಚಿನ ವಲಯವೇ, ಭೂಕಂಪದ ಬಿರುಕಿನ ವಲಯದಲ್ಲಿದೆಯೇ ಎಂದು ಇನ್ನೊಂದು ಕಾಗದ. ಫ್ರೀಮಾಂಟಿನ ನಡುವೆಯೇ ಹೇವರ್ಡ್ ಬಿರುಕು ಹಾದುಹೋಗುತ್ತದೆ. “ಕೆಳಗೆ ಭೂಮಿ ಬಿರಿದಿದೆ ಅಂತ ಬರೆದುಕೊಟ್ಟೂ ಇಷ್ಟು ರೇಟಿಗೆ ಮಾರ್ತಾರಾ?” ಎಂದು ಅಪ್ಪ ಮೂಗಿನ ಮೇಲೆ ಬೆರಳಿಟ್ಟರು.

ಕಳೆದ ಮೂರು ವರ್ಷದಲ್ಲಿ ಆ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಅದನ್ನೂ ತಿಳಿಸಬೇಕು. ಮೂರು ವರ್ಷ ದಾಟಿದ್ದರೆ ತಾವಾಗಿ ಹೇಳಬೇಕಿಲ್ಲ. ಆದರೆ ಕೊಳ್ಳುವವರು ನೇರವಾಗಿ ಕೇಳಿದರೆ ಸುಳ್ಳಾಡುವಂತಿಲ್ಲ. ಅಪ್ಪ ಯೋಚಿಸಿ, “ಧನಿಷ್ಠಾ ಪಂಚಕದಲ್ಲಿ ಹೋದ್ರೂ ಆರು ತಿಂಗಳು ಮನೆ ಬಿಟ್ರೆ ಸಾಕು. ಇಲ್ಲಿನ ಪ್ರೇತಗಳಿಗೆ ಮೂರು ವರ್ಷಾನಾ?” ಅಂದರು. ನ್ಯೂಯಾರ್ಕ್ ರಾಜ್ಯದ ಕಥೆ ಇನ್ನೂ ಚೆನ್ನಾಗಿದೆ. ಒಬ್ಬ ಮನೆಯೊಡತಿ ತನ್ನ ಮನೆಯ ದೆವ್ವಗಳ ಬಗ್ಗೆ ಪತ್ರಿಕೆಯಲ್ಲೆಲ್ಲ ಹೇಳಿಕೊಂಡಿದ್ದಳು, ಕೊಳ್ಳುವವನಿಗೆ ಮಾತ್ರ ಹೇಳಲಿಲ್ಲ. 1991ರಲ್ಲಿ ಮೇಲ್ಮನವಿ ಕೋರ್ಟು, ಕಾನೂನಿನ ದೃಷ್ಟಿಯಲ್ಲಿ ಈ ಮನೆಯಲ್ಲಿ ದೆವ್ವವಿದೆ ಎಂದು ಬರೆದು, ಕೊಳ್ಳುವವನಿಗೆ ಕರಾರಿನಿಂದ ಹೊರಬರಲು ದಾರಿ ಮಾಡಿಕೊಟ್ಟಿತು. ಅಲ್ಲಿಗೆ ದೆವ್ವ ಇದೆಯೋ ಇಲ್ಲವೋ ಎಂಬ ನಮ್ಮ ಮನೆಯ ಹಳೇ ಚರ್ಚೆ ಅಪ್ಪನ ಪರವಾಗಿ ಇತ್ಯರ್ಥವಾಯಿತು.

ಇನ್ನು ಹೇಳಬಾರದ್ದು. “ಏರಿಯಾ ಹೇಗೆ? ಜನ ಎಂಥೋರು? ನಮ್ಮವರು ಇದ್ದಾರಾ?” ನಮ್ಮ ಕಡೆ ಮನೆ ನೋಡುವುದೆಂದರೆ ಈ ಮೂರು ಪ್ರಶ್ನೆ, ನೀರು, ಬೆಳಕು ಆಮೇಲಿನ ಮಾತು. ಇಲ್ಲಿ ಏಜೆಂಟ್ ಬಾಯಿ ಬಿಟ್ಟರೆ ಮುಗಿಯಿತು. ಬಣ್ಣ, ಧರ್ಮ, ಮೂಲ ನೋಡಿ ಗಿರಾಕಿಯನ್ನು ಈ ಬೀದಿಗೆ ತಿರುಗಿಸುವುದು, ಆ ಬೀದಿಯಿಂದ ತಪ್ಪಿಸುವುದು 1968ರ ಫೇರ್ ಹೌಸಿಂಗ್ ಕಾಯ್ದೆಯ ಪ್ರಕಾರ ಅಪರಾಧ. ‘ಅಂಥವರು ಬರ್ತಾ ಇದ್ದಾರೆ, ಬೇಗ ಮಾರಿಬಿಡಿ’ ಎಂದು ಹೆದರಿಸುವುದೂ ಅಪರಾಧ. ಬೆಂಗಳೂರಿನಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡು ನೋಡಿ ಫೋನು ಮಾಡಿ, ‘ತಾವು ಯಾವ ಪೈಕಿ?’ ಎಂಬ ಪ್ರಶ್ನೆಗೆ ಉತ್ತರಿಸಿ ಬಾಡಿಗೆ ಮನೆ ಹಿಡಿದವಳು ನಾನು. ನಾವು ಗೆದ್ದಲು ತಿಂದ ಬಾಗಿಲಿಗೆ ಬಣ್ಣ ಬಳಿದು ಮುಚ್ಚುತ್ತೇವೆ, ನೆರೆಯವರ ಕುಲಗೋತ್ರವನ್ನು ಕೇಳದಿದ್ದರೂ ಹೇಳುತ್ತೇವೆ. ಈ ಅಭ್ಯಾಸವನ್ನು ತಿರುಗಾಮುರುಗಾ ಮಾಡಿಕೊಳ್ಳಲು 135 ಗಂಟೆ ಏನೇನೂ ಸಾಲದು.

ಈ ಕಟ್ಟುನಿಟ್ಟೆಲ್ಲ ಯಾಕೆ ಬಂತೆಂದು ಹುಡುಕಿ ಓದುವಾಗ ಮಾತ್ರ ನನ್ನ ನಗು ನಿಂತಿತು. 1913ರಲ್ಲಿ ಇದೇ ಕ್ಯಾಲಿಫೋರ್ನಿಯಾ, ಪೌರತ್ವಕ್ಕೆ ಅರ್ಹರಲ್ಲದ ಪರದೇಶಿಗಳು ಕೃಷಿಭೂಮಿ ಕೊಳ್ಳುವಂತಿಲ್ಲ ಎಂದು ಕಾಯ್ದೆ ಮಾಡಿತು. ಗುರಿಯಿಟ್ಟದ್ದು ಜಪಾನೀಯರಿಗೆ. ಹತ್ತು ವರ್ಷದ ನಂತರ ಭಗತ್ ಸಿಂಗ್ ಥಿಂದ್ ಎಂಬ ಅಮೃತಸರ ಕಡೆಯ ಸಿಖ್, ಅಮೆರಿಕದ ಸೈನ್ಯದಲ್ಲಿ ದುಡಿದವನು, ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯನೇ, ಪೌರತ್ವ ಕೊಡಿ ಎಂದು ವಾದಿಸಿದ. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಅಲ್ಲಿಗೆ ಇಲ್ಲಿನ ಪಂಜಾಬಿ ರೈತರಿಗೂ ಆ ಕಾಯ್ದೆ ಬಿಗಿಯಾಯಿತು. ಪೈಕಿ ಹೇಳಿಕೊಂಡರೂ ಜಮೀನು ಸಿಗಲಿಲ್ಲ. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ, ಆ ಭೂಕಾಯ್ದೆ ಕೋರ್ಟಿನಲ್ಲಿ ಬಿದ್ದದ್ದು 1952ರಲ್ಲಿ. ಬಿಳಿಯರಲ್ಲದವರಿಗೆ ಮಾರಕೂಡದು ಎಂದು ಕ್ರಯಪತ್ರದಲ್ಲೇ ಬರೆಸಿಕೊಳ್ಳುತ್ತಿದ್ದ ಷರತ್ತುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದದ್ದು 1948ರಲ್ಲಿ. ಜಾತಿಯ ಹೆಸರನ್ನೂ ತಾರತಮ್ಯದ ಪಟ್ಟಿಗೆ ಸೇರಿಸುವ ವಿಧೇಯಕ 2023ರಲ್ಲಿ ಇಲ್ಲಿನ ಶಾಸನಸಭೆಯನ್ನು ದಾಟಿತು. ಗವರ್ನರ್ ನ್ಯೂಸಮ್, ಈಗಿರುವ ಕಾನೂನೇ ಸಾಕು ಎಂದು ತಿರಸ್ಕರಿಸಿದರು. ಅಪ್ಪ ಇದನ್ನೆಲ್ಲ ಸುಮ್ಮನೆ ಕೇಳಿಸಿಕೊಂಡು, “ಮುಂದಿನ ಪಾಠ ಓದು” ಅಂದರು.

ಪರೀಕ್ಷೆ ಓಕ್‌ಲ್ಯಾಂಡಿನಲ್ಲಿ. ಮೂರು ಗಂಟೆ. ನಾಲ್ಕು ಉತ್ತರಗಳಲ್ಲಿ ಎರಡು ಸುಳ್ಳು, ಎರಡು ನಿಜ. ನಿಜದಲ್ಲಿ ಹೆಚ್ಚು ನಿಜ ಯಾವುದು ಎಂದು ಆರಿಸಬೇಕು. ನನ್ನ ಪಕ್ಕದಲ್ಲಿ ಮೊಮ್ಮಕ್ಕಳಿರುವ ವಯಸ್ಸಿನ ಒಬ್ಬರು, ಆಚೆ ಬದಿಗೆ ಮೀಸೆ ಚಿಗುರದ ಒಬ್ಬ. ಯಾವ ಪ್ರಶ್ನೆ ಬಂದಿತ್ತು ಎಂದು ಹೊರಗೆ ಹೇಳುವುದು ನಿಯಮಕ್ಕೆ ವಿರುದ್ಧ, ಹಾಗಾಗಿ ಇಲ್ಲೂ ಹೇಳುವುದಿಲ್ಲ. ಅಪ್ಪ ಮನೆ ಬಾಗಿಲಲ್ಲೇ ನಿಲ್ಲಿಸಿ, “ಈಶಾನ್ಯದ್ದು ಬಂತಾ?” ಎಂದು ಕೇಳಿದರು. ಹೇಳಬಾರದು ಅಂದೆ. “ಅಪ್ಪನಿಗೂ?” ಅಂದರು.

ಪಾಸಾಗಿದ್ದೆ. ತೊಂದರೆ ಶುರುವಾದದ್ದು ಆಮೇಲೆ.

“ಎಷ್ಟು ಮಾರ್ಕ್ಸು?”

“ಗೊತ್ತಿಲ್ಲ ಅಪ್ಪ. ನೂರಕ್ಕೆ 70 ಬರಬೇಕಿತ್ತು, ಬಂದಿದೆ. ಪಾಸಾದವರಿಗೆ ಮಾರ್ಕ್ಸ್ ಹೇಳೋದಿಲ್ಲ.”

“ಮತ್ತೆ ಯಾರಿಗೆ ಹೇಳ್ತಾರೆ?”

“ಫೇಲಾದವರಿಗೆ.”

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಅವರ ಮಗಳು ಏಳನೇ ಕ್ಲಾಸಿನಿಂದ ತಂದ ಎಲ್ಲ ಅಂಕಗಳೂ ಅವರ ನಾಲಗೆಯ ತುದಿಯಲ್ಲಿವೆ. ಅಂಕವಿಲ್ಲದ ಪಾಸು ಅವರಿಗೆ ಸರ್ವೆ ನಂಬರಿಲ್ಲದ ಜಮೀನು. ರಾತ್ರಿ ಚಿಕ್ಕಪ್ಪನಿಗೆ ಫೋನು ಮಾಡಿ, “ಡಿಸ್ಟಿಂಕ್ಷನ್ ಕಣಪ್ಪಾ” ಎನ್ನುತ್ತಿದ್ದದ್ದು ಕೇಳಿಸಿತು. ಕೆಲವು ಸಂಗತಿಗಳನ್ನು ಮುಚ್ಚಿಡುವುದು ತಪ್ಪು ಎಂದು ಓದಿದ್ದೆ. ಇದು ಆ ಪಟ್ಟಿಯಲ್ಲಿರಲಿಲ್ಲ.

ಬೆರಳಚ್ಚು ಕೊಟ್ಟೆ, ಲೈಸೆನ್ಸ್ ಬಂತು. ನನ್ನಂಥ ಸೇಲ್ಸ್‌ಪರ್ಸನ್ ಸ್ವತಂತ್ರವಾಗಿ ಏನೂ ಮಾಡುವಂತಿಲ್ಲ, ಒಬ್ಬ ಬ್ರೋಕರ್‌ನ ಕೈಕೆಳಗೆ ಇರಬೇಕು, ಹುಡುಕಿ ಸೇರಿಕೊಂಡೆ. ಮೊದಲ ಗಿರಾಕಿಗಳಾಗಿ ಬಂದದ್ದು ಕೂಟದಲ್ಲಿ ಪರಿಚಯವಾಗಿದ್ದ ಚಿಕ್ಕ ವಯಸ್ಸಿನ ದಂಪತಿ. ಪೂರ್ವದ ಬಾಗಿಲು ಆಗಲೇಬೇಕು ಎಂದರು, ಬರೆದುಕೊಂಡೆ. ಶಾಲೆ ಕೇಳಿದರು, ಅಂಕಿಅಂಶ ಎಲ್ಲಿ ಸಿಗುತ್ತದೆ ಎಂದು ತೋರಿಸಿದೆ. ಕಡೆಗೆ ಆಕೆ ದನಿ ತಗ್ಗಿಸಿ, “ಅಲ್ಲಾ ಅಕ್ಕ, ಆ ರಸ್ತೇಲಿ ನಮ್ಮವರು ಇದ್ದಾರಾ?” ಅಂದಳು.

“ಅದನ್ನ ನಾನು ಹೇಳೋ ಹಾಗಿಲ್ಲಮ್ಮ, ಕಾನೂನು ಒಪ್ಪೋದಿಲ್ಲ. ಬೇಕಿದ್ರೆ ಗೆದ್ದಲಿನ ವಿಷಯ ಕೇಳು, ಎಷ್ಟು ಬೇಕಾದ್ರೂ ಹೇಳ್ತೀನಿ.”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಸೋಫಾದ ಎಡತುದಿಯಲ್ಲಿ ಪೇಪರು ಮಡಚುವ ಸದ್ದಾಯಿತು.

“ಅವಳಿಗೆ ಲೈಸೆನ್ಸ್ ಇದೆ, ಹೇಳೋ ಹಾಗಿಲ್ಲ. ನನಗೇನು ಲೈಸೆನ್ಸಾ ಗಿಯ್ಸೆನ್ಸಾ? ದಿನಾ ಆ ರಸ್ತೇಲೇ ವಾಕಿಂಗ್ ಹೋಗ್ತೀನಿ. ಮೂಲೆ ಮನೆಯೋರು...”

“ಅಪ್ಪ, ಕಾಫಿ ಆರ್ತಾ ಇದೆ, ಒಳಗೆ ಹೋಗಿ.”

“ಕುಡಿದಾಯ್ತಲ್ಲಮ್ಮ” ಎಂದು ಖಾಲಿ ಲೋಟ ಎತ್ತಿ ತೋರಿಸಿ, ಅಪ್ಪ ಕನ್ನಡಕ ಸರಿಮಾಡಿಕೊಂಡು ದಂಪತಿಯ ಕಡೆ ತಿರುಗಿದರು.

“ಅಂದ ಹಾಗೆ, ತಾವು ಯಾವ ಪೈಕಿ?”