ಸೊಲ್ಲು ಹಿಡಿಯುವ ಗಂಡು ಬೇಕಾಗಿದೆ

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಾ ನಿಂತಿರೋ ಯಾವ ಗಂಡಸನ್ನಾದರೂ ತಡೆದು, ‘ಏನಣ್ಣ, ಹೆಂಡ್ತಿ ಮೇಲೆ ಪ್ರೀತಿ ಇದ್ದದಾ?’ ಅಂತ ಕೇಳಿ ನೋಡಿ. ಮೊದಲು ಸುತ್ತಮುತ್ತ ಕಣ್ಣಾಡಿಸ್ತಾನೆ. ಆಮೇಲೆ ದನಿ ತಗ್ಗಿಸಿ, ‘ಯಾಕಪ್ಪ, ಅವಳೇನಾರ ಹೇಳುದ್ಲಾ?’ ಅಂತಾನೆ. ಪ್ರೀತಿ ಅಂದ ಕೂಡಲೇ ಅವನಿಗೆ ಪಂಚಾಯ್ತಿ ಕಟ್ಟೆ ನೆನಪಾಗುತ್ತೆ.

ಅದೇ ಮನುಷ್ಯ ಟೀ ಲೋಟ ಕೆಳಗಿಟ್ಟು ಹೂವಿನ ಮಂಕರಿ ಹತ್ತಿರ ಹೋಗ್ತಾನೆ. ಒಂದು ಮೊಳ ಮಲ್ಲಿಗೆಗೆ ಐದು ರೂಪಾಯಿ ಇಳಿಸು ಅಂತ ಜಗಳ ಆಡ್ತಾನೆ. ಬಾಳೆ ಎಲೆಯಲ್ಲಿ ಕಟ್ಟಿಸಿಕೊಂಡು, ಯಾರ ಕಣ್ಣಿಗೂ ಬೀಳದ ಹಾಗೆ ತರಕಾರಿ ಚೀಲದಲ್ಲಿ ಬದನೆಕಾಯಿ ಸಂದಿಗೆ ತೂರಿಸ್ತಾನೆ. ಮನೆಗೆ ಬಂದ ಮೇಲೂ ಕೈಗೆ ಕೊಡೋ ಧೈರ್ಯ ಇಲ್ಲ. ಚೀಲಾನ ಅಡುಗೆಮನೆ ಹೊಸ್ತಿಲಲ್ಲಿಟ್ಟು, ‘ಬದನೆಕಾಯಿ ಅಗ್ಗ ಸಿಕ್ತು’ ಅಂತಾನೆ. ಅವಳು ಚೀಲ ತಡಕಿ, ಹೂವ ತಗೊಂಡು ಮುಡಿದು, ‘ಬದನೆಕಾಯಿ ಬಲ್ತೋಗದೆ’ ಅಂತಾಳೆ. ಅಲ್ಲಿಗೆ ಪ್ರೇಮ ನಿವೇದನೆ ಮುಗೀತು, ಅಂಗೀಕಾರವೂ ಆಯ್ತು. ಬದನೆಕಾಯಿ ಮಾತ್ರ ಸುಮ್ಮನೆ ಬೈಸಿಕೊಂಡಿತು.

ಬಾಯಿಬಿಟ್ಟು ಹೇಳಲೇಬೇಕು ಅನ್ನೋ ಸಂದರ್ಭ ಬಂದರೆ ನಾವು ಬೇರೆಯವರ ಗಂಟಲು ಎರವಲು ತರ್ತೀವಿ. ಒಂದು ಕಾಲದಲ್ಲಿ ಅದಕ್ಕೆ ರೇಡಿಯೋದವರಿಗೆ ಹಾಕಿದ ಪೋಸ್ಟ್ ಕಾರ್ಡು ಸಾಕಾಗಿತ್ತು. ಮೈಸೂರಿನ ಆಕಾಶವಾಣಿಯನ್ನ 1935ರಲ್ಲಿ ತಮ್ಮ ಮನೆಯಿಂದಲೇ ಶುರು ಮಾಡಿದವರು ಎಂ.ವಿ. ಗೋಪಾಲಸ್ವಾಮಿ, ಮನಃಶಾಸ್ತ್ರದ ಮೇಷ್ಟ್ರು. ಮೈಸೂರು ಸೀಮೆಯ ಗಂಡಂದಿರ ಮನಸ್ಸು ಬಾಯಿಗೆ ಬರಲ್ಲ ಅಂತ ಆ ಮೇಷ್ಟ್ರಿಗೆ ಗೊತ್ತಾಗಿಯೇ ಪೆಟ್ಟಿಗೆಗೆ ಬಾಯಿ ಕೊಟ್ಟರೇನೋ ಅಂತ ನನಗೆ ಅನುಮಾನ. ಆಗ ಕೊಳ್ಳೇಗಾಲ ಇದ್ದದ್ದು ಮದರಾಸಿನವರ ಕೊಯಮತ್ತೂರು ಜಿಲ್ಲೆಯಲ್ಲಿ. ನಾವು ಮೈಸೂರಿಗೆ ಸೇರಿದ್ದು 1956ರಲ್ಲಿ. ಆದರೆ ರೇಡಿಯೋ ಅಲೆಗೆ ಚೆಕ್ ಪೋಸ್ಟ್ ಇಲ್ಲವಲ್ಲ! ಈ ಕಡೆಯಿಂದ ಕನ್ನಡ ಹಾಡು, ಆ ಕಡೆಯಿಂದ ತಮಿಳು ಪಾಟು. ತಾಳವಾಡಿ ಕಡೆಯಿಂದ ಹೆಣ್ಣು ತಂದ ಮನೆಗಳಲ್ಲಿ ಒಂದು ಭಾಷೇಲಿ ಜಗಳ ಆಡಿ ಇನ್ನೊಂದು ಭಾಷೇಲಿ ರಾಜಿ ಆಗೋ ಸೌಕರ್ಯ ಇವತ್ತಿಗೂ ಇದೆ.

ಮುಂದೆ ಕೋರಿಕೆ ಹಾಡುಗಳ ಕಾಲ ಬಂತು. ಕಾರ್ಡು ಬರೆದರೆ ಊರಿನ ಹೆಸರು, ಗಂಡನ ಹೆಸರು, ಹೆಂಡತಿಯ ಹೆಸರು ಒಟ್ಟೊಟ್ಟಿಗೆ ರೇಡಿಯೋದಲ್ಲಿ ಬರೋದು. ನಮ್ಮ ಹೆಣ್ಣುಮಕ್ಕಳು ಗಂಡನ ಹೆಸರು ಬಾಯಲ್ಲಿ ಎತ್ತುತ್ತಿರಲಿಲ್ಲ. ಮದುವೆ ಮನೇಲಿ ಹೊಸ್ತಿಲಿಗೆ ಅಡ್ಡ ನಿಂತು ಪೀಡಿಸಿದಾಗ ಒಗಟು ಕಟ್ಟಿ ಒಂದು ಸಲ ಹೇಳಿದರೆ ಮುಗೀತು, ಆಮೇಲೆ ಆಯುಷ್ಯಪೂರ್ತಿ ‘ಇವ್ರೆ’, ‘ಮಗಿನಪ್ಪ’, ‘ಇಲ್ನೋಡಿ’. ಅಂಥಾದ್ದರಲ್ಲಿ ಮೈಸೂರಿನಿಂದ ಯಾರೋ ಅಪರಿಚಿತ ಹೆಣ್ಣುಮಗಳು ಮಧುರವಾದ ದನಿಯಲ್ಲಿ ಕೇಳ್ತಾ ಇರೋಳ ಹೆಸರನ್ನೂ ಅವಳ ಯಜಮಾನರ ಹೆಸರನ್ನೂ ಒಂದೇ ಉಸಿರಲ್ಲಿ ಓದಿಬಿಟ್ಟರೆ ಹೇಗಿರಬೇಕು! ಒಲೆ ಮುಂದೆ ಮುದ್ದೆ ತಿರುವುತ್ತಿದ್ದವಳ ಮುಖ ಕೆಂಪಾದರೆ ಅದು ಕೆಂಡದ ಕಾವು ಅಂತ ಎಲ್ಲರೂ ನಂಬಬೇಕಿತ್ತು.

ಎರವಲು ಗಂಟಲು ಅಂತ ನಗಬೇಡಿ. ನಮ್ಮ ಅಣ್ಣಾವ್ರನ್ನೇ ನೋಡಿ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ, ಕೊಳ್ಳೇಗಾಲ ಸೀಮೆಯ ಊರನ್ನ ಹೆಸರಿನ ಹಿಂದೆ ಕಟ್ಟಿಕೊಂಡವರು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕರಾದರು. ಆಮೇಲೆ ಬಂದ ಪ್ರೇಮದ ಹಾಡುಗಳಲ್ಲಿ ಬಹುಪಾಲಿಗೆ ತುಟಿ ಅವರದು, ದನಿ ಪಿ.ಬಿ. ಶ್ರೀನಿವಾಸ್ ಅವರದು. ಬೆಳ್ಳಿತೆರೆ ಮೇಲಿನ ರಾಜಕುಮಾರನೇ ಪ್ರೀತಿ ಹೇಳೋಕೆ ಇನ್ನೊಬ್ಬರ ಕಂಠ ನಂಬಿಕೊಂಡಿದ್ದಾಗ, ಬದನೆಕಾಯಿ ನಂಬಿಕೊಂಡ ನಮ್ಮ ಗಂಡಸರನ್ನ ಆಡಿಕೊಳ್ಳೋದು ನ್ಯಾಯವಾ?

ತಮಾಷೆ ಇರೋದು ಮುಂದೆ. ನಾಟಕದ ಮನೆಯಲ್ಲಿ ಹಾಡಿಕೊಂಡೇ ಬೆಳೆದ ಆ ಮನುಷ್ಯ ಸಿನಿಮಾದಲ್ಲಿ ತಮ್ಮ ಸ್ವಂತ ದನಿಯಿಂದ ನಾಡಿಗೆಲ್ಲ ಹುಚ್ಚು ಹಿಡಿಸಿದ್ದು 1974ರಲ್ಲಿ, ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ, ಜಿ.ಕೆ. ವೆಂಕಟೇಶರ ಸಂಗೀತದಲ್ಲಿ. ಯಾವ ಹಾಡು? ಎಮ್ಮೆ ಹಾಡು! ಎಮ್ಮೆ ಬೆನ್ನ ಮೇಲೆ ಕೂತುಕೊಂಡು, ಎಮ್ಮೆಗೇ ಹೇಳೋ ಹಾಡು. ನಾಯಕಿಗೆ ಎರವಲು ದನಿ, ಎಮ್ಮೆಗೆ ಸ್ವಂತ ದನಿ. ನಮ್ಮ ಕಡೆ ಗಂಡಂದಿರಿಗೆ ಇದಕ್ಕಿಂತ ದೊಡ್ಡ ಆದರ್ಶ ಬೇಕಾ? ಇವತ್ತಿಗೂ ಹೆಂಡತಿ ಗದರೋಕೆ ಶುರು ಮಾಡಿದರೆ ಸಾಕು, ಹಿತ್ತಲಲ್ಲಿ ಹಲ್ಲುಜ್ಜುತ್ತಾ ಇದ್ದವನು ಅದೇ ಹಾಡನ್ನ ಗುನುಗ್ತಾನೆ. ಹಾಡಿನಲ್ಲಿ ಎಮ್ಮೆ ಯಾರು ಅನ್ನೋದನ್ನ ಮಾತ್ರ ಬಿಡಿಸಿ ಹೇಳಲ್ಲ. ಅವಳು ಕೇಳೋದೂ ಇಲ್ಲ. ಮಧ್ಯಾಹ್ನದ ಉಪ್ಸಾರಿಗೆ ಖಾರ ಒಂದು ಹಿಡಿ ಜಾಸ್ತಿ ಬೀಳುತ್ತೆ, ಅಷ್ಟೇ.

ಅಣ್ಣಾವ್ರ ಮನೆಯ ಕಥೆಯನ್ನ ಅವರ ಹಾಡಿಂದ ಮಾತ್ರ ಅಳೆಯಬಾರದು. ಸಾಲಿಗ್ರಾಮದ ಪಾರ್ವತಮ್ಮನವರ ಕೈ ಹಿಡಿದದ್ದು 1953ರಲ್ಲಿ, ಇನ್ನೂ ಹೀರೋ ಆಗೋಕೆ ಮುಂಚೆ. ಮುಂದೆ ಅವರು ಹಾಡ್ತಾ ಹೋದರು, ಪಾರ್ವತಮ್ಮ ವಜ್ರೇಶ್ವರಿ ಸಂಸ್ಥೆ ನಡೆಸ್ತಾ, ಕಥೆ ಆರಿಸ್ತಾ, ಲೆಕ್ಕ ಬರೀತಾ ಹೋದರು. ಒಬ್ಬರು ರಾಗ ತೆಗೆದರೆ ಇನ್ನೊಬ್ಬರು ಆ ರಾಗ ನಿಲ್ಲದ ಹಾಗೆ ನೋಡಿಕೊಂಡರು. ಇದಕ್ಕೆ ನಮ್ಮ ಮಾದಪ್ಪನ ಸೀಮೇಲಿ ಹಳೇ ಪಾಠ ಇದೆ. ಅದನ್ನ ಹೇಳೋಕೇ ನಾನು ಇಷ್ಟು ಸುತ್ತು ಬಂದದ್ದು.

ಕಂಸಾಳೆಯ ದೇವರಗುಡ್ಡರು ಮಾದೇಶ್ವರನ ಕಥೆ ಹಾಡೋದನ್ನ ಕೇಳಿದ್ದೀರಲ್ಲ? ಇಲ್ಲವಾದರೆ ಬನದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆಗೆ ಬನ್ನಿ. ಅಲ್ಲಿ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ, ಸಿದ್ದಪ್ಪಾಜಿಯವರ ಕಥೆ ಎತ್ತುತ್ತಾರೆ. ರಾತ್ರಿಯಿಡೀ ಹಾಡಬೇಕು. ಮುಂದಾಳು ಕಥೆ ಹೇಳ್ತಾ ಹೋಗ್ತಾನೆ, ಹಿಂದಿರೋರು ಸೊಲ್ಲು ಹಿಡೀತಾರೆ. ಅವನು ಉಸಿರು ತಗೊಳ್ಳೋ ಜಾಗ ಇವರಿಗೆ ಗೊತ್ತು. ಅವನು ಮಾತಾಡಿದರೆ ‘ಹೂಂ’ ಅಂತಾರೆ, ಮರೆತರೆ ಎತ್ತಿಕೊಡ್ತಾರೆ, ನಿದ್ದೆ ಬಂದರೆ ತಾಳ ಬಿಗಿ ಮಾಡ್ತಾರೆ. ಸಂಭಾವನೆ, ಹೊಗಳಿಕೆ ಎಲ್ಲ ಮುಂದಾಳಿಗೆ. ಆದರೆ ಸೊಲ್ಲು ಹಿಡಿಯೋರು ಎದ್ದು ಬೀಡಿ ಸೇದೋಕೆ ಹೋದರು ಅನ್ನಿ, ಎಂಥ ಕಥೆಗಾರನಾದರೂ ಅರ್ಧ ಗಂಟೇಲಿ ಕೆಮ್ಮೋಕೆ ಶುರು ಮಾಡ್ತಾನೆ.

ಸಂಸಾರ ಅಂದರೂ ಇದೇನೇ. ಹೆಂಡತಿ ಸಾಯಂಕಾಲ ಪಕ್ಕದ ಮನೆಯ ರಾಮಾಯಣ ತೆಗೀತಾಳೆ. ಗಂಡ ಮಾಡಬೇಕಾದ್ದು ಏನು? ತೀರ್ಪು ಕೊಡಬೇಕಾಗಿಲ್ಲ, ಪರಿಹಾರ ಹುಡುಕಬೇಕಾಗಿಲ್ಲ, ‘ನಿಂದೇ ತಪ್ಪು’ ಅಂತ ಅಪ್ಪಿತಪ್ಪಿಯೂ ಹೇಳಬಾರದು. ಸರಿಯಾದ ಜಾಗದಲ್ಲಿ ‘ಹೂಂ’ ಅನ್ನಬೇಕು. ಅದೂ ಮೊಬೈಲು ನೋಡ್ತಾ ಅನ್ನೋ ‘ಹೂಂ’ ಅಲ್ಲ. ಆ ‘ಹೂಂ’ ಯಾವ ತಾಳಕ್ಕೂ ಕೂರಲ್ಲ, ಅವಳು ಥಟ್ ಅಂತ ಹಿಡೀತಾಳೆ. ‘ಈಗ ನಾ ಏನಂದೆ, ಹೇಳಿ ನೋಡಾನ?’

ಸೊಲ್ಲು ಬಿಟ್ಟು ಬರೀ ದೊಡ್ಡ ಮಾತು ಕೇಳಿದರೆ ಏನಾಗುತ್ತೆ ಅನ್ನೋದಕ್ಕೂ ಮಾದಪ್ಪನ ಕಾವ್ಯದಲ್ಲೇ ಸಾಕ್ಷಿ ಇದೆ. ಪಿ.ಕೆ. ರಾಜಶೇಖರ 1973ರಲ್ಲಿ ಪುಸ್ತಕವಾಗಿ ತಂದ ಆ ಮಹಾಕಾವ್ಯದಲ್ಲಿ ಸಂಕಮ್ಮನ ಸಾಲು ಬರುತ್ತೆ. ಅವಳ ಗಂಡ ನೀಲೇಗೌಡ ಕಾಡಿಗೆ ಹೊರಡೋ ಮುಂಚೆ, ‘ನಾ ಬರೋ ತನಕ ನೀ ಸರಿಯಾಗಿರ್ತೀನಿ ಅಂತ ಭಾಷೆ ಕೊಡು’ ಅಂತ ಹಟ ಹಿಡೀತಾನೆ. ಸಂಕಮ್ಮ ಕೊಡಲ್ಲ. ಅವನು ಹಿಂಸೆ ಕೊಟ್ಟು ಕೂಡಿ ಹಾಕಿ ಹೋಗ್ತಾನೆ. ಮಾದಪ್ಪ ಬಂದು ಬಿಡಿಸಬೇಕಾಗುತ್ತೆ, ಮಕ್ಕಳ ಫಲ ಕೊಡಬೇಕಾಗುತ್ತೆ. ಇಷ್ಟಕ್ಕೆಲ್ಲ ಕಾರಣ ಏನು? ಹೊರಡುವಾಗ ‘ಉಂಡ್ಯಾ? ಬರೋವಾಗ ಜೇನು ತತ್ತೀನಿ’ ಅಂತ ಹೇಳಿ ಹೋಗಿದ್ದರೆ ಸಾಕಾಗಿತ್ತು ಅನ್ನೋ ಬುದ್ಧಿ ಅವನಿಗೆ ಇಲ್ಲದೇ ಹೋದದ್ದು. ಊರಿನ ಗಂಡಸರು ಈ ಸಾಲನ್ನ ತಲೆಮಾರಿನಿಂದ ಕೇಳ್ತಾ ಇದ್ದಾರೆ, ಸಂಕಮ್ಮನಿಗಾಗಿ ಕಣ್ಣೀರೂ ಹಾಕ್ತಾರೆ. ಬೆಳಗ್ಗೆ ಮನೆಗೆ ಬಂದು, ‘ನಿನ್ನೆ ರಾತ್ರಿ ಫೋನು ಯಾಕ್ ಬಿಸಿ ಬತ್ತಿತ್ತು?’ ಅಂತ ಕೇಳ್ತಾರೆ!

ಯಳಂದೂರು ದಾಟಿ ಬಿಳಿಗಿರಿ ಬೆಟ್ಟ ಹತ್ತಿದರೆ ಅಲ್ಲಿನ ದೇವರು ಈ ವಿಷಯದಲ್ಲಿ ಹೆಚ್ಚು ಚುರುಕು. ರಂಗನಾಥಸ್ವಾಮಿ ಸೋಲಿಗರ ಹುಡುಗಿ ಕುಸುಮಾಲೆಗೆ ಮನಸೋತು ಮದುವೆ ಆದ ಅಂತ ಕಥೆ. ಹಾಗಾಗಿ ಸೋಲಿಗರಿಗೆ ಅವನು ಸ್ವಾಮಿಗಿಂತ ಹೆಚ್ಚಾಗಿ ರಂಗಭಾವ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿ ಕಾಡಿಗೆ ಓಡಿಹೋಗಿ, ಆಮೇಲೆ ಹಿರಿಯರ ಮುಂದೆ ಬಂದು ತಪ್ಪುಕಾಣಿಕೆ ಕಟ್ಟಿ ಸಂಸಾರ ಹೂಡೋ ಪದ್ಧತಿ ಅವರಲ್ಲಿ ಹಿಂದಿನಿಂದ ಇದೆ. ಕಲ್ಯಾಣ ಮಂಟಪದ ಬಾಡಿಗೆ ಉಳೀತು, ಬೀಗರ ಊಟದಲ್ಲಿ ಯಾರಿಗೆ ತುಂಡು ಸಿಗಲಿಲ್ಲ ಅನ್ನೋ ವ್ಯಾಜ್ಯ ಉಳೀತು. ಅವರ ಹಾಡು ಕುಣಿತಗಳಲ್ಲಿ ರಂಗ, ಕುಸುಮಾಲೆ ಇಬ್ಬರೂ ಬರ್ತಾರೆ. ದೇವರ ಪ್ರೇಮವನ್ನ ಹೆಣ್ಣಿನ ಕಡೆಯವರೇ ಹಾಡಿ ಉಳಿಸಿದ್ದು ಗಮನಿಸಿ. ಭಾವನ ಗುಟ್ಟು ಬಾಮೈದನಿಗಲ್ಲದೆ ಯಾರಿಗೆ ಗೊತ್ತಿರುತ್ತೆ?

ಆ ರಂಗಪ್ಪನಿಗೆ ದೊಡ್ಡ ದೊಡ್ಡ ಚಪ್ಪಲಿ ಹೊಲಿದು ಅರ್ಪಿಸೋ ಸೇವೆಯೊಂದಿದೆ. ರಾತ್ರಿ ಹೊತ್ತು ಸ್ವಾಮಿ ಕಾಡೆಲ್ಲ ಸುತ್ತುತ್ತಾನೆ, ಅದಕ್ಕೇ ಚಪ್ಪಲಿ ಸವೆಯುತ್ತೆ ಅಂತ ಭಕ್ತರ ನಂಬಿಕೆ. ಭಕ್ತರು ಅದೇ ಚಪ್ಪಲೀನ ತಲೆಗೆ ಮುಟ್ಟಿಸಿಕೊಂಡು ಆಶೀರ್ವಾದ ಪಡೀತಾರೆ. ರಾತ್ರಿ ಹೊತ್ತು ಸುತ್ತಿ ಚಪ್ಪಲಿ ಸವೆಸಿಕೊಂಡು ಬಂದ ಗಂಡನಿಗೆ ಹೊಸ ಜೊತೆ ಸಿಗೋದು ದೇವಲೋಕದಲ್ಲಿ ಮಾತ್ರ. ನಮ್ಮ ಮನೆಗಳಲ್ಲಿ ಹಳೇ ಜೊತೆಯಿಂದಲೇ ಆಶೀರ್ವಾದ ಆಗುತ್ತೆ.

ಬೆಟ್ಟ ಇಳಿದರೆ ಯಳಂದೂರು. ಗೌರೀಶ್ವರನ ಗುಡಿಯ ಬಳೆಮಂಟಪದಲ್ಲಿ ಕಲ್ಲಿನ ಬಳೆಗಳ ಸರಪಳಿ ನೇತಾಡುತ್ತೆ. ಇದೇ ಊರಿನವಳು ಸಂಚಿ ಹೊನ್ನಮ್ಮ. ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಎಲೆ ಅಡಿಕೆ ಸಂಚಿ ಹಿಡಿಯೋ ಕೆಲಸ ಅವಳದು. ಅವಳು ಬರೆದದ್ದು ‘ಹದಿಬದೆಯ ಧರ್ಮ’, ಹೆಂಡತಿ ಹೇಗಿರಬೇಕು ಅನ್ನೋ ಪುಸ್ತಕ. ಅದೂ ಸಾಂಗತ್ಯದಲ್ಲಿ, ಅಂದರೆ ಕೆಲಸ ಮಾಡ್ತಾ ಹಾಡಿಕೊಳ್ಳಲು ಒದಗೋ ಧಾಟಿಯಲ್ಲಿ. ಗಂಡಸರು ಹೆಸರು ನೋಡಿ ಖುಷಿಪಟ್ಟು ಹೆಂಡತಿಗೆ ಓದೋಕೆ ಕೊಟ್ಟರೆ ಕೆಟ್ಟರು. ಹೆಣ್ಣನ್ನ ಹೀಗಳೆಯೋರನ್ನ ನಡುವೆ ಅವಳು ನಿಲ್ಲಿಸಿ ಕೇಳೋ ಪ್ರಶ್ನೆಗೆ ಮುನ್ನೂರು ವರ್ಷ ಆದರೂ ನಮ್ಮ ಕಡೆಯಿಂದ ಉತ್ತರ ಹೋಗಿಲ್ಲ. ಆದರೆ ನನಗೆ ಕಾಡೋದು ಆ ಸಂಚಿ. ಎಲೆಗೆ ಸುಣ್ಣ ಎಷ್ಟು, ಅಡಿಕೆ ಎಷ್ಟು ಅಂತ ಒಬ್ಬೊಬ್ಬರ ಬಾಯಿಯ ಹದ ಬೇರೆ. ಯಳಂದೂರಿನ ನಮ್ಮ ಸೋದರತ್ತೆ ಮಾವನ ಜೊತೆ ಮಾತು ಬಿಟ್ಟ ದಿನಗಳಲ್ಲೂ ಎಲೆ ಮಡಿಸಿ ತಟ್ಟೇಲಿಡೋದನ್ನ ಬಿಡ್ತಿರಲಿಲ್ಲ. ಕೋಪ ಎಷ್ಟು ಉಳಿದಿದೆ ಅನ್ನೋದು ಸುಣ್ಣದಲ್ಲಿ ತಿಳೀತಿತ್ತು. ಮಾವ ಬಾಯಿಗೆ ಹಾಕಿಕೊಂಡು ನಾಲಿಗೆ ಚುರ್ ಅಂದರೆ ಸದ್ದಿಲ್ಲದೆ ಎದ್ದು ಗದ್ದೆ ಕಡೆ ಹೋಗೋರು.

ಈಗಿನ ಹುಡುಗರು ಎಲೆ ಅಡಿಕೆ ಬಿಟ್ಟಿದ್ದಾರೆ, ಎರವಲು ಗಂಟಲು ಬಿಟ್ಟಿಲ್ಲ. ಹನೂರಿನ ನಮ್ಮ ಷಡ್ಡಕ ತನ್ನ ಹೆಂಡತಿಗೆ ಇಷ್ಟವಾದ ಹಾಡನ್ನ ಮೊಬೈಲಿನ ಕಾಲರ್ ಟ್ಯೂನ್ ಮಾಡಿಸಿದ. ಅದರಲ್ಲಿರೋ ತೊಡಕು ಅವನಿಗೆ ಹೊಳೆದಿರಲಿಲ್ಲ. ಹಾಡು ಕೇಳ್ಸೋದು ಫೋನು ಮಾಡಿದೋರಿಗೆ, ಅವನಿಗಲ್ಲ. ಸೊಸೈಟಿ ಸೆಕ್ರೆಟರಿ, ಸಾಲ ವಸೂಲಿಯೋರು, ಗೊಬ್ಬರದಂಗಡಿ ಸಾಹುಕಾರರು ಎಲ್ಲ ಅವನ ಪ್ರೇಮಗೀತೆ ಕೇಳಿ ಕೇಳಿ ಸುಸ್ತಾದರು. ನಾದಿನಿ ಮಾತ್ರ ದಿನಾ ಮಧ್ಯಾಹ್ನ ಕೆಲಸ ಮುಗಿಸಿ ಒಂದು ಮಿಸ್ಡ್ ಕಾಲ್ ಕೊಡ್ತಾಳೆ. ಇವನು ತಕ್ಷಣ ಎತ್ತಬಾರದು, ಹಾಡು ಪೂರ್ತಿ ಆಗಬೇಕು. ಒಂದು ದಿನ ಹೊಲದಲ್ಲಿ ಮೈಮರೆತು ಮೊದಲ ರಿಂಗಿಗೇ ಎತ್ತಿ ‘ಏನಮ್ಮಿ?’ ಅಂದನಂತೆ. ‘ನಿಮ್ಮನ್ಯಾರು ಎತ್ತಿ ಅಂದೋರು?’ ಅಂತ ಬೈಸಿಕೊಂಡ. ಗಂಡ ಫೋನು ಎತ್ತಿದ್ದಕ್ಕೆ ಜಗಳ ಆದ ಮನೆ ಇಡೀ ಚಾಮರಾಜನಗರ ಜಿಲ್ಲೇಲಿ ಅದೊಂದೇ ಇರಬೇಕು.

ಅದಕ್ಕೇ ನನ್ನದೊಂದು ಸೂಚನೆ. ಹಿಂದೆ ಹೆಣ್ಣು ನೋಡೋಕೆ ಹೋದಾಗ, ಉಪ್ಪಿಟ್ಟು ತಿಂದು ಕೈ ತೊಳೆದು, ‘ಹುಡುಗಿಗೆ ಹಾಡು ಬತ್ತದಾ? ಒಂದು ದೇವರನಾಮ ಹೇಳವ್ವ’ ಅನ್ನೋರು. ಪಾಪ ಆ ಮಗು ನಡುಗೋ ದನೀಲಿ ಹಾಡೋದು. ಗಂಡು ಮಹಾರಾಯ ಗೋಡೆ ಮೇಲಿನ ಕ್ಯಾಲೆಂಡರ್ ನೋಡ್ತಾ ಕೂರೋನು. ಆ ಪರೀಕ್ಷೆಯನ್ನ ಇನ್ನು ಮುಂದೆ ಗಂಡಿಗೇ ಮಾಡೋಣ. ಅವನಿಗೆ ಹಾಡು ಬರೋದು ಬೇಡ. ಹುಡುಗಿ ಹಾಡ್ತಾ ಇರುವಾಗ ತಾಳ ತಪ್ಪದೆ ಸೊಲ್ಲು ಹಿಡೀತಾನಾ, ನಡುವೆ ಬಾಯಿ ಹಾಕದೆ ಕೊನೇ ತನಕ ಕೇಳ್ತಾನಾ, ಅವಳು ಸಾಲು ಮರೆತರೆ ನಗದೆ ಎತ್ತಿಕೊಡ್ತಾನಾ ನೋಡೋಣ. ಪಾಸಾದರೆ ಲಗ್ನಪತ್ರಿಕೆ, ಇಲ್ಲವಾದರೆ ಉಪ್ಪಿಟ್ಟಿನ ಖರ್ಚು ಅವನದೇ.

ಇದನ್ನ ಮೊನ್ನೆ ಒಂದು ಬೀಗರೂಟದಲ್ಲಿ ಹೇಳಿದೆ. ಹೆಂಗಸರೆಲ್ಲ ‘ಸರಿಯಾಗಂದ್ರಿ’ ಅಂದರು. ಗಂಡಸರು ಎಲೆ ಕಡೆ ನೋಡಿದರು. ಕೊನೇ ಪಂಕ್ತೀಲಿ ಕೂತಿದ್ದ ನಮ್ಮ ಬ್ರೋಕರ್ ತಾತ ಮಾತ್ರ ಮೂಳೆ ಕೆಳಗಿಟ್ಟು, ಕೈ ಮುಗಿದ: ‘ಬ್ಯಾಡಿ ಬುದ್ಧಿ, ಅಂಗೆ ಮಾಡಬ್ಯಾಡಿ. ಆ ಪರೀಕ್ಷೆ ಇಟ್ರೆ ಈ ಮೂರು ತಾಲ್ಲೂಕಲ್ಲಿ ಒಂದು ಮದುವೆನೂ ಆಗಕ್ಕಿಲ್ಲ ಕನಾ. ನನ್ನ ಕಮಿಷನ್ ಗತಿ ಏನು?’