ಭಂಗಾರಮಣಿದರ್ಪಣ

ಪೀಠಿಕೆ

ಬಂಗಾರಕ್ಕೂ ಭಂಗಾರಕ್ಕೂ ನಡುವೆ ಇರುವುದು ಒಂದು ಮಹಾಪ್ರಾಣ. ಕನ್ನಡದ ಬಂಗಾರ ಟ್ರೆಜರಿಯಲ್ಲಿರುತ್ತದೆ. ಮರಾಠಿಯಿಂದ ಗಡಿ ದಾಟಿ ಬಂದ ಭಂಗಾರ, ಅಂದರೆ ಗುಜರಿ, ಹಿತ್ತಲಲ್ಲಿರುತ್ತದೆ. ಅಥಣಿ ತಾಲೂಕಿನ ನಮ್ಮ ಐಗಳಿಯಲ್ಲಿ ಎರಡೂ ಶಬ್ದ ಒಂದೇ ನಾಲಿಗೆಯ ಮೇಲೆ ಸಂಸಾರ ಹೂಡಿವೆ. ನಾವು ಮಾತಿನಲ್ಲಿ ಮಹಾಪ್ರಾಣ ದುಂದು ಮಾಡುವವರಲ್ಲವಾದ್ದರಿಂದ ಯಾವುದು ಯಾವುದೆಂದು ಕಿವಿಗೆ ತಿಳಿಯುವುದಿಲ್ಲ, ದರ ಕೇಳಿದ ಮೇಲೇ ತಿಳಿಯುತ್ತದೆ. ಆ ದರ ಈಗ ಮೊಬೈಲಿನಲ್ಲಿ ನಿರ್ಧಾರವಾಗುತ್ತಿರುವುದರಿಂದ, ಹಳೇ ಕಾರಿನ ಬಿಡಿಭಾಗಗಳನ್ನು ಆನ್‌ಲೈನಿನಲ್ಲಿ ಕೊಳ್ಳುವ ವಿದ್ಯೆಗೆ ಒಂದು ವ್ಯಾಕರಣ ಬೇಕಾಗಿದೆ. ಕೇಶಿರಾಜ 13ನೇ ಶತಮಾನದಲ್ಲಿ ಶಬ್ದಗಳಿಗೆ ದರ್ಪಣ ಹಿಡಿದ. ಈ ಪ್ರಬಂಧಕಾರ ನಟ್ಟು ಬೋಲ್ಟುಗಳಿಗೆ ಹಿಡಿಯುತ್ತಿದ್ದಾನೆ. ಅವನದು ಎಂಟು ಪ್ರಕರಣ. ನಮ್ಮ ರೊಕ್ಕ ನಾಲ್ಕಕ್ಕೇ ಮುಗಿಯಿತು.

ಗ್ರಂಥಕ್ಕೆ ಕಾರಣ ನಮ್ಮಪ್ಪನ ಪ್ರೀಮಿಯರ್ ಪದ್ಮಿನಿ. ಬೇವಿನ ಗಿಡದ ಕೆಳಗೆ ನಿಂತಿದ್ದ ಅದರ ಕ್ಲೀನರ್ ಸೈಡ್ ಬಾಗಿಲನ್ನು ಬೀಗರು ಗೌರವದಿಂದ ಎಳೆದರು. ಬಾಗಿಲು ಬರಲಿಲ್ಲ, ಹ್ಯಾಂಡಲ್ ಬಂತು. ಅದೂ ಎರಡು ತುಂಡಾಗಿ.

ಪೂರ್ವಸೂರಿಗಳು

ಕಾಣದ ಊರಿನಿಂದ ಗಾಡಿ ತರಿಸುವುದು ಬೆಳಗಾವಿ ಜಿಲ್ಲೆಗೆ ಹೊಸದಲ್ಲ. ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯಲ್ಲಿ ಮಾಸ್ತರಿಕೆ ಮಾಡುತ್ತ, ಅಲ್ಲಿ ಸೈಕಲ್ ಕೊಂಡು ಬೆಳಗಾವಿಗೆ ಕಳಿಸುವರು. ಇಲ್ಲಿ ಅವರ ಅಣ್ಣ ಮಾರುವರು. 1888ರಲ್ಲಿ ಶುರುವಾದ ಆ ಸೈಕಲ್ ವ್ಯಾಪಾರ ಮುಂದೆ ನೇಗಿಲಾಗಿ, 1910ರಲ್ಲಿ ಕಿರ್ಲೋಸ್ಕರವಾಡಿಯಾಗಿ ಬೆಳೆಯಿತು. ಅಲ್ಲಿ ಕಳಿಸುವವನೂ ಮಾರುವವನೂ ಅಣ್ಣತಮ್ಮಂದಿರು. ಇಲ್ಲಿ ಕಳಿಸುವವನು ನಮ್ಮನ್ನು 'ಅಣ್ಣಾ' ಎನ್ನುತ್ತಾನೆ. ಸಂಬಂಧ ಅಷ್ಟಕ್ಕೇ ಮುಗಿಯುತ್ತದೆ.

ಪದ್ಮಿನಿಯ ವಂಶಾವಳಿಯೂ ಸಂಕ್ಷೇಪವಾಗಿ ಗಮನಾರ್ಹ. ಮುಂಬಯಿಯ ಕುರ್ಲಾ ಕಾರಖಾನೆಯಲ್ಲಿ 1964ರಲ್ಲಿ ಫಿಯಾಟ್ ಎಂದು ಅವತರಿಸಿ, ಎಪ್ಪತ್ತರ ದಶಕದಲ್ಲಿ ಚಿತ್ತೋರದ ರಾಣಿಯ ಹೆಸರು ಪಡೆದು, ಹೊಸ ಶತಮಾನದ ಹೊಸ್ತಿಲಲ್ಲಿ ನಿಂತುಹೋಯಿತು. ಮುಂಬಯಿಯ ರಸ್ತೆಯಿಂದ ಕೊನೆಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿ ಇಳಿದದ್ದು 2023ರ ಅಕ್ಟೋಬರಿನಲ್ಲಿ. ಟ್ಯಾಕ್ಸಿ ಓಡುವವರೆಗೆ ಸಾಮಾನಿಗೆ ಬರವಿರಲಿಲ್ಲ. ಅದು ನಿಂತ ಮೇಲೆ ಪದ್ಮಿನಿಯ ಒಂದೊಂದು ನಟ್ಟೂ ಮಹಾಪ್ರಾಣ ಕಳಚಿಕೊಂಡು ಬಂಗಾರವಾಯಿತು.

ಈ ರಸಾಯನ ಐಗಳಿಯವರಿಗೆ ಹೊಸದಾಗಿ ತಿಳಿಸಬೇಕಿಲ್ಲ. ನಾಲ್ಕು ಕಿಲೋ ದ್ರಾಕ್ಷಿ ಶೆಡ್ಡಿನಲ್ಲಿ ಒಣಗಿ ಒಂದು ಕಿಲೋ ಮಣೂಕವಾಗುತ್ತದೆ, ದರ ಏರುತ್ತದೆ. ಕಾರೂ ಹಾಗೇ. ಇಡಿಯಾಗಿ ತೂಕಕ್ಕೆ ಹಾಕಿದರೆ ಭಂಗಾರ, ಒಣಗಿಸಿ ಬಿಡಿಸಿ ಮಾರಿದರೆ ಮಣೂಕ.

1. ನಾಮ ಪ್ರಕರಣ

ಶಬ್ದಗಳಂತೆ ಬಿಡಿಭಾಗಗಳೂ ನಾಲ್ಕು ಬಗೆ.

ತತ್ಸಮ: ಕಂಪನಿಯಿಂದ ಹೇಗೆ ಹೊರಟಿತೋ ಹಾಗೇ ಇರುವುದು. ಯಾವುದೋ ಅಂಗಡಿಯ ಅಟ್ಟದ ಮೇಲೆ ಎಣ್ಣೆಕಾಗದ ಸುತ್ತಿಕೊಂಡು ಮೂವತ್ತು ವರ್ಷ ತಪಸ್ಸು ಮಾಡಿರುತ್ತದೆ. 'ಓಲ್ಡ್ ಸ್ಟಾಕ್' ಎಂಬುದು ಇದರ ಬಿರುದು. ಫೋಟೋ ನೋಡಿ ಕೈಮುಗಿಯಬೇಕು, ದರ ಕೇಳಬಾರದು.

ತದ್ಭವ: ಡೂಪ್ಲಿಕೇಟು. ವಿದ್ಯೆ ಬಿಜ್ಜೆಯಾದಂತೆ ಇದರಲ್ಲಿ ಮೂರು ಸ್ಕ್ರೂ ತೂತು ಎರಡಾಗಿರುತ್ತವೆ.

ದೇಶ್ಯ: ನಮ್ಮ ಲೇತ್ ಮಿಸ್ತ್ರಿ ಕಡೆದದ್ದು. ಅಂದವಿಲ್ಲ, ಆದರೆ ಮುರಿಯುವುದಿಲ್ಲ. ಮೊದಲು ಗಾಡಿಯೇ ಮುರಿಯುತ್ತದೆ.

ಅನ್ಯದೇಶ್ಯ: ಬೇರೆ ಗಾಡಿಯದನ್ನು ಇದಕ್ಕೆ ಬಡಿದು ಕೂಡಿಸಿದ್ದು. ಇದರಿಂದ ಅರಿಸಮಾಸ ದೋಷ ಬರುವುದೆಂದು ಪಂಡಿತರು ಹೆದರುತ್ತಾರೆ. ಆದರೆ ತೊಂಬತ್ತರ ದಶಕದಲ್ಲಿ ಅಂಬಾಸಡರಿನ ದೇಹಕ್ಕೆ ಇಸುಝು ಎಂಜಿನ್ ಕೂಡಿಸಿದವರು ಅದನ್ನು ಮಾಡುತ್ತಿದ್ದ ಕಂಪನಿಯವರೇ. ಬಿರುದಾವಳಿಯಲ್ಲಿ ಅರಿಸಮಾಸ ಸಲ್ಲುತ್ತದೆಂದು ಕೇಶಿರಾಜನೂ ಒಪ್ಪಿದ್ದಾನೆ. ಅಂಬಾಸಡರ್ ಅಂದರೆ ರಾಯಭಾರಿ, ಅದು ಬಿರುದೇ ಅಲ್ಲವೆ?

2. ಆಖ್ಯಾತ ಪ್ರಕರಣ

ಆಡುಗನ್ನಡದಲ್ಲಿ ವರ್ತಮಾನಕ್ಕೂ ಭವಿಷ್ಯಕ್ಕೂ ರೂಪ ಒಂದೇ. ಈ ಸಂಗತಿಯನ್ನು ಭಾಷಾವಿಜ್ಞಾನಿಗಳಿಗಿಂತ ಚೆನ್ನಾಗಿ ಬಲ್ಲವರು ಹಳೇ ಸಾಮಾನು ಮಾರುವವರು. "ಕಳಸ್ತೀನ್ರಿ" ಎಂಬ ಕ್ರಿಯಾಪದ ಈಗ ಕಳಿಸುತ್ತಿದ್ದೇನೆ, ನಾಳೆ ಕಳಿಸುವೆನು, ಎರಡಕ್ಕೂ ಸಲ್ಲುತ್ತದೆ. ಮೂರನೆಯ ಅರ್ಥ ಮುಂಗಡ ಕೊಟ್ಟ ಮೇಲೆ ಹೊಳೆಯುತ್ತದೆ.

ಉದಾಹರಣೆ:
"ಅಣ್ಣಾ, ಹ್ಯಾಂಡಲ್ ಐತೇನ್ರಿ?"
"ಐತ್ರಿ."
"ಯಾವಾಗ ಕಳಸ್ತೀರಿ?"
"ಕಳಸ್ತೀನ್ರಿ."
"ಎಡಗಡೇದೋ, ಬಲಗಡೇದೋ?"
"ಅದು ನೀವು ನಿಂತ ಜಾಗಾದ ಮ್ಯಾಲ ಐತ್ರಿ."

ಕೊನೆಯ ವಾಕ್ಯದ ಉದ್ಧಟತನ ಈ ಪ್ರಬಂಧಕಾರನನ್ನು ಬಹಳ ನೋಯಿಸಿತು. ಎಡಬಲಗಳನ್ನು ಎಣಿಸಬೇಕಾದದ್ದು ಡ್ರೈವರ್ ಸೀಟಿನಲ್ಲಿ ಕುಳಿತು ಮುಂದೆ ನೋಡಿ. ಕಾರಿನೆದುರು ನಿಂತವನಿಗೆ ಅದು ತಿರುಗುಮುರುಗು. ಈ ಸಂದಿಗ್ಧಕ್ಕಾಗಿಯೇ ಗ್ಯಾರೇಜಿನ ಹಿರಿಯರು ಡ್ರೈವರ್ ಸೈಡ್, ಕ್ಲೀನರ್ ಸೈಡ್ ಎಂಬ ನಿಸ್ಸಂದಿಗ್ಧ ಪರಿಭಾಷೆ ಕಂಡುಹಿಡಿದಿದ್ದಾರೆ. ಕ್ಲೀನರನೇ ಇಲ್ಲದ ಕಾರಿನಲ್ಲಿ ಅವನ ಸೈಡು ಮಾತ್ರ ಶಾಶ್ವತ.

3. ಸಂಧಿ ಪ್ರಕರಣ

ಪಾರ್ಸಲ್ಲೂ ಗಿರಾಕಿಯೂ ಕೂಡುವುದಕ್ಕೆ ಸಂಧಿ ಎಂದು ಹೆಸರು. ಅದು ಲೋಪ, ಆಗಮ, ಆದೇಶ ಎಂದು ಮೂರು ವಿಧ. ಮೂರನ್ನೂ ನಾವು ಸ್ವಂತ ಖರ್ಚಿನಲ್ಲಿ ಸಿದ್ಧಪಡಿಸಿದ್ದೇವೆ.

ಲೋಪ: ಮೊದಲ ಪಾರ್ಸಲ್ಲಿನಲ್ಲಿ ಹ್ಯಾಂಡಲ್ ಇತ್ತು, ಅದರೊಳಗಿನ ಸ್ಪ್ರಿಂಗ್ ಇರಲಿಲ್ಲ. ಕೇಳಿದರೆ, "ಫೋಟೋದಾಗ ಸ್ಪ್ರಿಂಗ್ ಕಂಡಿತ್ತೇನ್ರಿ?" ಎಂಬ ಮರುಪ್ರಶ್ನೆ. ಕಂಡಿರಲಿಲ್ಲ. ಒಳಗಿರುವ ಸ್ಪ್ರಿಂಗು ಹೊರಗೆ ಕಾಣುವುದಿಲ್ಲ, ಆತ್ಮದ ಹಾಗೆ.

ಆಗಮ: ಎರಡನೆಯ ಸಲ ಅಥಣಿ ಬಸ್ಸಿನಿಂದ ಇಳಿದ ಡಬ್ಬದಲ್ಲಿ ಹ್ಯಾಂಡಲ್ ಇರಲಿಲ್ಲ. ಕೇಳದೇ ಬಂದದ್ದು ಒಂದು ಹಾರ್ನು, ಅದೂ ಲಾರಿಯದು. ಕೂಡಿಸಿದೆವು. ಈಗ ನಮ್ಮ ಪದ್ಮಿನಿ ಬಾಗಿಲು ತೆರೆಯದಿದ್ದರೂ ದಾರಿ ತೆರೆಸುತ್ತದೆ.

ಆದೇಶ: ಕ, ತ, ಪ ಇರುವಲ್ಲಿ ಗ, ದ, ಬ ಬರುವಂತೆ ಎಡದ ಸ್ಥಾನದಲ್ಲಿ ಬಲ ಬರುವುದು. ಮೂರನೆಯ ಹ್ಯಾಂಡಲಿನ ಫೋಟೋ ನೋಡಿದಾಗ ಅದು ಸಾಕ್ಷಾತ್ ಕ್ಲೀನರ್ ಸೈಡಿನದೇ. ಬಂದದ್ದು ಡ್ರೈವರ್ ಸೈಡಿನದು. ಮಾರುವವನು ಅದನ್ನು ಮೊಬೈಲಿನ ಮುಂದಿನ ಕ್ಯಾಮೆರಾದ ಎದುರು ಹಿಡಿದು ಫೋಟೋ ತೆಗೆದಿದ್ದ, ಎಡಬಲ ಅದಲುಬದಲಾಗಿತ್ತು. ಖಿಲ್ಜಿಗೆ ಪದ್ಮಿನಿಯನ್ನು ಕನ್ನಡಿಯಲ್ಲಷ್ಟೇ ತೋರಿಸಿದರೆಂಬ ದಂತಕಥೆಯನ್ನು ನಾವು ಚಿಕ್ಕಂದಿನಲ್ಲಿ ಕೇಳಿದ್ದೆವು. ಅವನ ಸಂಕಟ ಈಗ ಅರ್ಥವಾಯಿತು. ಅವನೂ ಬಿಂಬ ನೋಡಿಯೇ ಮುಂಗಡ ಕೊಟ್ಟವನು.

4. ವಿಭಕ್ತಿ ಪ್ರಕರಣ

ರೊಕ್ಕ ವಾಪಸ್ ಕೇಳಿದೆವು. ಮಾರುವವನು ಕೂಡಲೇ ಒಪ್ಪಿದ. ಈ ಸೌಜನ್ಯವೇ ಅಪಶಕುನವಾಗಿತ್ತು. "ನಿಮಗ ರೊಕ್ಕ ಬರತೈತ್ರಿ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕ್ರಿ" ಎಂದ. ಬೆರಳು ಮೂರನೆಯ ಅಂಕಿಯ ಮೇಲಿದ್ದಾಗ ಅಣ್ಣನ ಮಗ ಮೊಬೈಲ್ ಕಸಿದುಕೊಂಡ.

"ಕಾಕಾ, ರೊಕ್ಕ ಕೊಡಾಕ ಪಿನ್ ಬೇಕು. ತಗೊಳ್ಳಾಕ ಬೇಕಾಗೂದಿಲ್ಲ."

ಎಂಥ ಸೂತ್ರ! ಇದನ್ನೇ ಶಾಸ್ತ್ರದಲ್ಲಿ ವಿಭಕ್ತಿ ಪಲ್ಲಟ ಎನ್ನುವುದು. ಚತುರ್ಥಿಯ 'ನಿಮಗೆ' ಪಿನ್ ಹಾಕಿದೊಡನೆ ಪಂಚಮಿಯ 'ನಿಮ್ಮ ದೆಸೆಯಿಂದ' ಆಗಿಬಿಡುತ್ತದೆ. ಪಲ್ಲಟವಾಗಿ ಹೋಗಿದ್ದರೆ 1930ಕ್ಕೆ ತಡಮಾಡದೆ ಫೋನ್ ಮಾಡಬೇಕು. ಅದು ಇಸವಿಯಲ್ಲ, ಸೈಬರ್ ವಂಚನೆಯ ಸಹಾಯವಾಣಿ.

ಫಲಶ್ರುತಿ

ಕ್ಲೀನರ್ ಸೈಡ್ ಬಾಗಿಲಿಗೆ ಕೊನೆಗೆ ಲೇತ್ ಮಿಸ್ತ್ರಿಯೇ ಗತಿಯಾದ. ಕಬ್ಬಿಣದ ಪಟ್ಟಿ ಬಗ್ಗಿಸಿ ಅವನು ಕೂಡಿಸಿದ ದೇಶ್ಯ ಹಿಡಿಕೆ ದನದ ಕೊಟ್ಟಿಗೆಯ ಚಿಲಕದಂತಿದೆ. ಬೀಗರು ಬಂದು ಎಳೆದರು, ಬಾಗಿಲು ಬಂತು. ಮಿಸ್ತ್ರಿ ಚಹಾದ ರೊಕ್ಕವಷ್ಟೇ ತೆಗೆದುಕೊಂಡು, "ಮೊದಲ ದಿನಾನ ಬಂದಿದ್ರ ಇಷ್ಟ್ಯಾಕ ಆಗತಿತ್ರಿ?" ಎಂದ. ಶಾಸ್ತ್ರಗ್ರಂಥಗಳಲ್ಲಿ ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವ ಸಂಪ್ರದಾಯವಿಲ್ಲ.

ಉಳಿದದ್ದು ಆ ಡ್ರೈವರ್ ಸೈಡ್ ಹ್ಯಾಂಡಲು. "ಆ ಭಂಗಾರ ಇನ್ನ ಮನ್ಯಾಗ ಯಾಕ?" ಎಂದು ಅವ್ವ ಮೂರು ಸಲ ಕೇಳಿದಳು. ನಾಲ್ಕನೆಯ ಸಲ ಕೇಳುವ ಮೊದಲು ಅದಕ್ಕೆ ತೆಂಗಿನೆಣ್ಣೆ ಸವರಿ, ಬೇವಿನ ನೆರಳಲ್ಲಿ ಫೋಟೋ ತೆಗೆದು ಮಾರಾಟಕ್ಕೆ ಹಾಕಿದೆ. "ಪದ್ಮಿನಿ ಹ್ಯಾಂಡಲ್. ಕಂಪನಿ ಮಾಲು. ಬಂಗಾರದಂಥಾ ಕಂಡೀಶನ್." ಕೊಂಡ ದರಕ್ಕೆ ಮುನ್ನೂರು ಸೇರಿಸಿದೆ. ನಾಲ್ಕು ಪ್ರಕರಣಗಳ ಸಂಶೋಧನೆಗೆ ಅಷ್ಟಾದರೂ ಬೇಡವೆ?

ಅರ್ಧ ತಾಸಿನಲ್ಲಿ ಜತ್ತದ ಕಡೆಯವನೊಬ್ಬನ ಸಂದೇಶ ಬಂತು.

"ಅಣ್ಣಾ, ಐತೇನ್ರಿ?"
"ಐತ್ರಿ."
"ಯಾವಾಗ ಕಳಸ್ತೀರಿ?"
"ಕಳಸ್ತೀನ್ರಿ."
"ಎಡಗಡೇದೋ, ಬಲಗಡೇದೋ?"

ಈ ಪ್ರಬಂಧಕಾರ ಕನ್ನಡಕ ಒರೆಸಿಕೊಂಡ. ಪರಿಭಾಷೆಯೆಲ್ಲ ಬಾಯಿಪಾಠವಿತ್ತು. ಆದರೂ ಬೆರಳು ತಾನಾಗಿಯೇ ಒತ್ತಿತು: "ಅದು ನೀವು ನಿಂತ ಜಾಗಾದ ಮ್ಯಾಲ ಐತ್ರಿ."