ಕೊಳವೆಯೊಳಗೊಂದು ಸಂಸಾರ

ಮೌಂಟನ್ ಬೈಕ್ ತುಳಿಯುವ ಯಾವ ಗುಂಪನ್ನೇ ನೋಡಿ, ಅಲ್ಲಿ ಎರಡೇ ಜಾತಿ. ಹೊರುವವರು ಮತ್ತು ಬೇಡುವವರು. ಮೂರನೆಯದೂ ಒಂದಿದೆ ಎಂದು ವಾದಿಸುವವರು ಸಾಮಾನ್ಯವಾಗಿ ಬೇಡುವವರ ಕಡೆಯವರು.

ನಮ್ಮ ಗುಂಪಿನಲ್ಲಿ ಹೊರುವವರ ಕುಲಪತಿಗೆ ಗೋಡೌನ್ ರಾಯರು ಎಂದು ಹೆಸರು. ಅವರ ಬೆನ್ನುಚೀಲದಲ್ಲಿ ಏನೇನಿತ್ತು ಎನ್ನುವುದಕ್ಕಿಂತ ಏನಿರಲಿಲ್ಲ ಎಂದು ಹೇಳುವುದು ಸಲೀಸು. ನನಗೆ ತಿಳಿದಂತೆ ಒರಳುಕಲ್ಲು ಇರಲಿಲ್ಲ. ಟ್ಯೂಬು, ಪಂಪು, ಪ್ಯಾಚು, ಚೈನ್ ಬ್ರೇಕರ್, ಕ್ವಿಕ್ ಲಿಂಕು, ಬ್ರೇಕ್ ಪ್ಯಾಡು, ಗೇರ್ ಕೇಬಲ್ಲು, ಒಂದು ಹಿಡಿ ಜಿಪ್ ಟೈ, ಅಲೆನ್ ಕೀಗಳ ಅಣ್ಣತಮ್ಮಂದಿರೆಲ್ಲ. ಇವುಗಳ ನೆತ್ತಿಯ ಮೇಲೆ ಎರಡು ಲೀಟರ್ ನೀರು, ಅದರ ಪಕ್ಕ ಒಂದು ಡಬ್ಬಿ ಚಿತ್ರಾನ್ನ. ಬೆಂಗಳೂರಿನ ತುರಹಳ್ಳಿಯ ಬಂಡೆ ಇಳಿಯುವಾಗ ಆ ಚೀಲ ಮೆಲ್ಲಗೆ ಬೆನ್ನೇರಿ ಬಂದು ಹೆಲ್ಮೆಟ್ಟನ್ನು ಹಿಂದಿನಿಂದ ನೂಕುತ್ತಿತ್ತು. ಹೆಲ್ಮೆಟ್ಟು ಕಣ್ಣಿಗಿಳಿಯುತ್ತಿತ್ತು. ಉಳಿದ ದಾರಿಯನ್ನು ರಾಯರು ಅಂದಾಜಿನ ಮೇಲೆ ಇಳಿಯುತ್ತಿದ್ದರು.

ಅಂಥವರು ಒಂದು ಭಾನುವಾರ ಬರಿಬೆನ್ನಲ್ಲಿ ಬಂದು ನಿಂತರು. ಬೇಡುವವರ ಎದೆ ಧಸಕ್ಕೆಂದಿತು.

‘ಬೆನ್ನು ಬೆವರುತ್ತೆ ಕಣ್ರೀ’ ಎಂದರು ರಾಯರು. ನಿಜವೇ. ‘ಭಾರ ಮೇಲಿದ್ದರೆ ತಿರುವಿನಲ್ಲಿ ಸೈಕಲ್ ಒಂದು ಕಡೆ, ನಾನೊಂದು ಕಡೆ’ ಎಂದರು. ಅದೂ ನಿಜ. ಎರಡು ಲೀಟರ್ ನೀರೆಂದರೆ ಎರಡು ಕಿಲೋ. ಜೊತೆಗೆ ಕಬ್ಬಿಣವೂ ಸೇರಿ ಹೆಗಲ ಮಟ್ಟದಲ್ಲಿ ತೂಗಾಡಿದರೆ ಇಳಿಜಾರಿನಲ್ಲಿ ಸವಾರನನ್ನು ಮುಂದಕ್ಕೆ ದಬ್ಬುತ್ತದೆ. ಅದೇ ಭಾರ ಪೆಡಲಿನ ಹತ್ತಿರ, ಫ್ರೇಮಿನ ತಳದಲ್ಲಿ ಕೂತರೆ ಇದೆಯೋ ಇಲ್ಲವೋ ತಿಳಿಯದು. ಸೈಕಲ್ಲನ್ನು ಎತ್ತಿ ಹಾರಿಸುವಾಗ ಮಾತ್ರ ಕೊಂಚ ಜಡ ಎನ್ನಿಸುತ್ತದೆ; ನಮ್ಮ ವಯಸ್ಸಿನವರ ಹಾರಾಟವೆಲ್ಲ ಬಹುಪಾಲು ಬಾಯಲ್ಲೇ ಆಗುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಆದರೆ ರಾಯರು ಹೇಳದೆ ನುಂಗಿಕೊಂಡ ಮೂರನೆಯ ಕಾರಣವೊಂದಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಚೀಲದ ಮಾನ ಉಳಿಸೋಣ. ಅದು ಹುಟ್ಟಿದ್ದು ಸ್ಪ್ಯಾನರ್ ಹೊರಲು ಅಲ್ಲ, ನೀರಿಗಾಗಿ. 1989ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ, ವಿಚಿಟಾ ಫಾಲ್ಸ್ ಎಂಬ ಊರಿನ ನೂರು ಮೈಲಿ ಸೈಕಲ್ ಸವಾರಿಗೆ ಮೈಕೇಲ್ ಐಡ್ಸನ್ ಎಂಬಾತ ಹೊರಟ. ಸವಾರಿಯ ಹೆಸರು ಹಾಟರ್‌ನ್ ಹೆಲ್ ಹಂಡ್ರೆಡ್, ಅಲ್ಲಿಯ ಬಿಸಿಲು ಎಂಥದ್ದೆಂದು ಬೇರೆ ಹೇಳಬೇಕಿಲ್ಲ. ಆತನಿಗೆ ಆಂಬುಲೆನ್ಸಿನ ಕೆಲಸ ಗೊತ್ತು. ಆಸ್ಪತ್ರೆಯ ಡ್ರಿಪ್ ಚೀಲಕ್ಕೆ ನೀರು ತುಂಬಿದ, ಅದನ್ನು ಉದ್ದನೆಯ ಕಾಲುಚೀಲದೊಳಗೆ ತೂರಿಸಿದ, ಅಂಗಿಯ ಬೆನ್ನಿಗೆ ಸಿಕ್ಕಿಸಿಕೊಂಡ, ನಳಿಕೆಯನ್ನು ಹೆಗಲ ಮೇಲಿಂದ ಎಳೆದುಕೊಂಡು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಅದರ ಬಾಯಿ ಕಟ್ಟಿದ. ಕ್ಯಾಮೆಲ್‌ಬ್ಯಾಕ್ ಕಂಪನಿ ಹುಟ್ಟಿದ್ದು ಹಾಗೆ. ಆಮೇಲೆ ನೀರಿನ ಪಕ್ಕದಲ್ಲಿ ತುಸು ಜಾಗ ಮಾಡಿದರು. ಜಾಗ ಕಂಡರೆ ಮನುಷ್ಯ ಸುಮ್ಮನಿರುತ್ತಾನೆಯೇ? ಒಂದು ಪಂಪು ಬಂತು, ಪಂಪಿಗೆ ಜೊತೆಯಾಗಿ ಟ್ಯೂಬು ಬಂತು, ಕೊನೆಗೆ ಚಿತ್ರಾನ್ನವೂ ಬಂತು.

ಇನ್ನು ಸೈಕಲ್ಲು. ಅದೇನು ಹೇಳಿ? ಒಂದಷ್ಟು ಟೊಳ್ಳು ಕೊಳವೆ, ಅಷ್ಟೆ. ನೂರು ವರ್ಷಕ್ಕೂ ಮೇಲೆ ನಾವು ಆ ಖಾಲಿ ಜಾಗವನ್ನು ಬಾಡಿಗೆಗೆ ಕೊಡದೆ ಸುಮ್ಮನೆ ಬಿಟ್ಟಿದ್ದೆವು. 2015ರ ಸುಮಾರಿಗೆ ಸ್ಪೆಷಲೈಸ್ಡ್ ಕಂಪನಿ ತನ್ನ ಸ್ಟಂಪ್‌ಜಂಪರ್ ಸೈಕಲ್ಲಿನ ಡೌನ್‌ಟ್ಯೂಬಿನಲ್ಲಿ, ಬಾಟಲಿ ಕೂರುವ ಜಾಗದ ಅಡಿಗೆ, ಒಂದು ಬಾಗಿಲು ಇಟ್ಟಿತು. ಟ್ರೆಕ್, ಸಾಂಟಾ ಕ್ರೂಜ್ ಮುಂತಾದವರೂ ಕೆಲವು ವರ್ಷಗಳ ಮೇಲೆ ಗೃಹಪ್ರವೇಶ ಮಾಡಿದರು. 2017ರಲ್ಲಿ ಕೆನಡಾದ ಒನ್‌ಅಪ್ ಕಂಪನಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಹ್ಯಾಂಡಲಿನ ಬುಡದ ಸ್ಟೀರರ್ ಟ್ಯೂಬಿನೊಳಕ್ಕೇ ಮಲ್ಟಿಟೂಲನ್ನು ಇಳಿಬಿಟ್ಟಿತು. ಆಗ ಅದನ್ನು ಕೂರಿಸಲು ಸ್ಟೀರರಿನ ಒಳಮೈಗೆ ಥ್ರೆಡ್ ಹಾಕಬೇಕಿತ್ತು. ಅಂದರೆ, ಎಂದಾದರೂ ಸಡಿಲವಾಗಬಹುದಾದ ಒಂದು ಬೋಲ್ಟಿನ ಭಯಕ್ಕೆ, ಚೆನ್ನಾಗಿರುವ ಫೋರ್ಕನ್ನು ಇವತ್ತೇ ಕೊರೆಯುವುದು. ರಾಯರು ಇದನ್ನು ಕಣ್ಣು ಮುಚ್ಚಿಕೊಂಡು ಮಾಡಿಸಿದರು. ಕೊರೆಯುವವನು ಮಾತ್ರ ಕಣ್ಣು ತೆರೆದಿದ್ದ, ಸದ್ಯ.

ಅಲ್ಲಿಗೆ ನಿಲ್ಲಲಿಲ್ಲ. ಹ್ಯಾಂಡಲಿನ ಎರಡು ತುದಿಯ ಬಿರಡೆ ಕಿತ್ತರೆ ಒಂದರಲ್ಲಿ ಟೈರಿನ ತೂತಿಗೆ ತುರುಕುವ ಪ್ಲಗ್ಗು, ಇನ್ನೊಂದರಲ್ಲಿ ಚೈನ್ ಬ್ರೇಕರ್. ಕ್ರ್ಯಾಂಕಿನ ಟೊಳ್ಳು ಅಚ್ಚಿನೊಳಗೆ ಆಯಸ್ಕಾಂತದಿಂದ ಅಂಟಿಕೊಂಡು ಕೂರುವ ಅಲೆನ್ ಕೀಯೂ ಸಿಗುತ್ತದೆ. ರಾಯರ ಸೈಕಲ್ಲಿನಲ್ಲಿ ಈಗ ಖಾಲಿಯಾಗಿ ಉಳಿದಿರುವುದು ಟೈರು ಮಾತ್ರ, ಅದೂ ಪಂಕ್ಚರ್ ಆದಾಗ.

ಈ ಒಳಗುಟ್ಟಿನ ಸಂಸಾರಕ್ಕೆ ಒಂದು ಶಾಪವಿದೆ, ಸದ್ದು. ಡೌನ್‌ಟ್ಯೂಬಿನೊಳಗೆ ಬಿಡಿಯಾಗಿ ಬಿದ್ದ ಟೈರ್ ಲಿವರ್ ಒಂದು ಕಲ್ಲುದಾರಿಯಲ್ಲಿ ಕೊಡುವ ಶಬ್ದ ಕೇಳಿದರೆ ಬೇರಿಂಗ್ ಹೋಯಿತೆಂದೇ ಎಲ್ಲರೂ ನಂಬುತ್ತಾರೆ. ಬಲ್ಲವರೆಲ್ಲ ಸೇರಿ ಸೈಕಲ್ಲನ್ನು ಮಲಗಿಸಿ, ಚಕ್ರ ತಿರುಗಿಸಿ, ಪೆಡಲು ಅಲ್ಲಾಡಿಸಿ ಅರ್ಧ ಬೆಳಗು ಕಳೆಯುತ್ತಾರೆ. ರಾಯರು ಹಳೆಯ ಪಂಚೆ ಹರಿದು ಒಂದೊಂದಕ್ಕೂ ಅಂಗಿ ತೊಡಿಸಿದ ಮೇಲೆ ಸದ್ದಡಗಿತು.

ಸೀಟಿನ ಕೆಳಗೆ ಪುಟ್ಟ ಚೀಲ ಕಟ್ಟಿದರಾಯಿತಲ್ಲ ಎಂದು ರಸ್ತೆ ಸೈಕಲ್ಲಿನವರು ಕೇಳುತ್ತಾರೆ. ಅವರಿಗೇನು, ಅವರ ಸೀಟು ಮರ್ಯಾದೆಯಾಗಿ ಒಂದೇ ಕಡೆ ಇರುತ್ತದೆ. ನಮ್ಮದು ಡ್ರಾಪರ್ ಪೋಸ್ಟು. ಗುಂಡಿ ಒತ್ತಿದರೆ ಸೀಟು ಕುಸಿಯುತ್ತದೆ. ಅದೇ ಗಳಿಗೆಯಲ್ಲಿ ಸಸ್ಪೆನ್ಷನ್ ಪೂರಾ ಅದುಮಿ ಹಿಂದಿನ ಚಕ್ರ ಮೇಲಕ್ಕೆ ಬರುತ್ತದೆ. ಇವೆರಡರ ನಡುವೆ ಸಿಕ್ಕ ಚೀಲಕ್ಕೆ ಟೈರು ಪ್ರತಿ ಇಳಿಜಾರಿನಲ್ಲೂ ಸಾಣೆ ಹಿಡಿಯುತ್ತದೆ. ಕೊನೆಗೆ ತೂತು ಬಿದ್ದು, ಒಳಗಿನ ಕ್ವಿಕ್ ಲಿಂಕು ಕಾಡಿನ ಪಾಲಾಗುತ್ತದೆ.

ಹಾಗಾಗಿ ಪಟ್ಟಿ. ಟ್ಯೂಬನ್ನು ಬಿಗಿಯಾಗಿ ಸುರುಳಿ ಸುತ್ತಿ ಫ್ರೇಮಿಗೆ ಪಟ್ಟಿ ಬಿಗಿದು ಕಟ್ಟುವುದು. ಎಲ್ಲಕ್ಕಿಂತ ಅಗ್ಗದ ಉಪಾಯ ಇದೇ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದೂ ಇದೇ. ಷರತ್ತು ಒಂದೇ: ಟ್ಯೂಬಿಗೆ ಮೇಲುಹೊದಿಕೆ ಬೇಕು. ಬರಿಮೈಯಲ್ಲಿ ಬಿಟ್ಟರೆ ಬಿಸಿಲು, ಕೆಸರು ತಿಂದು, ಫ್ರೇಮಿಗೆ ಉಜ್ಜಿ, ತನ್ನದೇ ವಾಲ್ವಿನಿಂದ ಚುಚ್ಚಿಸಿಕೊಂಡು ಕೂತಲ್ಲೇ ತೂತಾಗುತ್ತದೆ. ಮುಳ್ಳು ಚುಚ್ಚಿದ ಟ್ಯೂಬು ತೆಗೆದು, ಅದಕ್ಕಿಂತ ಹೆಚ್ಚು ತೂತಿರುವ ಟ್ಯೂಬು ಹಾಕಿ, ಬೆವರಿಳಿಸಿ ಗಾಳಿ ಹೊಡೆಯುವವರನ್ನು ನೋಡುವುದಿದೆಯಲ್ಲ, ಅದಕ್ಕೆ ಟಿಕೆಟ್ ಇಟ್ಟರೂ ಜನ ಸೇರುತ್ತಾರೆ.

ಸೊಂಟಕ್ಕೆ ಕಟ್ಟುವ ಚೀಲವೂ ಮತ್ತೆ ಫ್ಯಾಷನ್ನಿಗೆ ಬಂದಿದೆ. ಎಂಡ್ಯೂರೋ ರೇಸಿನ ಹುಡುಗರು ಇದನ್ನು ಕಟ್ಟಿಕೊಂಡು ಮೆರೆಯುವುದು ಕಂಡಾಗ ನನಗೆ ನಗು. ನಮ್ಮ ಅಜ್ಜಿಯ ಎಲೆಯಡಿಕೆ ಸಂಚಿ ಇನ್ನೇನು ಮತ್ತೆ? ಸೊಂಟಕ್ಕೆ ಸಿಕ್ಕಿಸಿಕೊಂಡ ಅದರಲ್ಲಿ ಅರೆಯ ಮೇಲೆ ಅರೆ. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ, ಎಲ್ಲಕ್ಕಿಂತ ಒಳಗೆ ಚಿಲ್ಲರೆ ಕಾಸು. ಕತ್ತಲಲ್ಲೂ ಅಜ್ಜಿಯ ಬೆರಳು ತಪ್ಪುತ್ತಿರಲಿಲ್ಲ. ರಾಯರ ಬೆರಳು ಹಾಡಹಗಲೇ ತಪ್ಪುತ್ತದೆ.

ಜೇಬಿಗೆ ಮಾತ್ರ ಲೋಹ ಬೇಡ. ಇದು ತಮಾಷೆಯಲ್ಲ. ಜೆರ್ಸಿಯ ಹಿಂಜೇಬಿನಲ್ಲಿ ಮಲ್ಟಿಟೂಲ್ ಇಟ್ಟುಕೊಂಡು ಬಂಡೆಯ ಮೇಲೆ ಅಂಗಾತ ಬಿದ್ದರೆ ಅದು ನೇರ ಬೆನ್ನೆಲುಬಿಗೇ ಒತ್ತುತ್ತದೆ. ಅಲ್ಲಿ ಬಾಳೆಹಣ್ಣು ಇಡಿ. ಬಿದ್ದರೆ ಅಂಗಿ ಮಾತ್ರ ಹಾಳು.

ಗಾಳಿಯ ವಿಷಯಕ್ಕೆ ಬಂದರೆ ಸಿಓಟು ಗುಂಡಿನ ಭಕ್ತರು ಬೇರೆಯೇ ಇದ್ದಾರೆ. ಬೆರಳುದ್ದದ ಸಿಲಿಂಡರಿನಲ್ಲಿ 16 ಗ್ರಾಂ ಅನಿಲ. ತಿರುಗಿಸಿದರೆ ಬುಸ್ಸೆಂದು ಕ್ಷಣದಲ್ಲಿ ಟೈರು ಎದ್ದು ಕೂರುತ್ತದೆ, ಸಿಲಿಂಡರಿನ ಮೈಮೇಲೆ ಮಂಜು ಕಟ್ಟುತ್ತದೆ, ಬರಿಗೈಯಲ್ಲಿ ಹಿಡಿದವನು ಕುಣಿಯುತ್ತಾನೆ. ಆ ಅನಿಲ ರಬ್ಬರಿನ ಮೂಲಕ ಗಾಳಿಗಿಂತ ಬೇಗ ನುಸುಳಿಹೋಗುವುದರಿಂದ ಮಾರನೆಯ ದಿನ ಟೈರು ಮತ್ತೆ ಮೆತ್ತಗೆ. ಇಷ್ಟಕ್ಕೂ ಗುಂಡು ಒಂದು ಸಲ ಹಾರಿದರೆ ಮುಗಿಯಿತು. ಪಂಪು ಹಾಗಲ್ಲ, ಕೈ ನೋಯಿಸುತ್ತದೆ, ಕೈ ಬಿಡುವುದಿಲ್ಲ. ಬಾಟಲಿಯ ಪಕ್ಕದಲ್ಲಿ ಪಂಪು ಸಿಕ್ಕಿಸಿ, ಅದರ ಮೈಗೆ ನಾಲ್ಕು ಸುತ್ತು ಡಕ್ಟ್ ಟೇಪು ಸುತ್ತಿಕೊಂಡವನನ್ನು ನಾನು ನಂಬುತ್ತೇನೆ.

ಈಗ ಟ್ಯೂಬ್‌ಲೆಸ್ ಕಾಲ. ಜಾಲಿಮುಳ್ಳು ಚುಚ್ಚಿದರೆ ಒಳಗಿನ ಸೀಲಂಟು ತಾನೇ ಮೆತ್ತಿಕೊಳ್ಳುತ್ತದೆ, ಮುಳ್ಳನ್ನು ಕೀಳುವ ಚಪಲ ತಡೆದುಕೊಂಡರೆ ಸಾಕು. ಆದರೆ ನಮ್ಮ ಬೇಸಿಗೆಗೆ ಸೀಲಂಟು ಎರಡು ಮೂರು ತಿಂಗಳಲ್ಲೇ ಒಣಗಿ ಸಿಪ್ಪೆಯಾಗುವುದುಂಟು. ಇದು ನೆನಪಿರುವುದು ಹೊರುವವರಿಗೆ ಮಾತ್ರ. ಕಲ್ಲು ಸೀಳಿದ ದೊಡ್ಡ ಗಾಯಕ್ಕೆ ಪ್ಲಗ್ ಬೇಕು. ಸ್ಕೂಟರಿನ ಟ್ಯೂಬ್‌ಲೆಸ್ ಟೈರಿಗೆ ಪಂಕ್ಚರ್ ಅಂಗಡಿಯವನು ತುರುಕುತ್ತಾನಲ್ಲ, ಅದೇ ಕಂದು ಅಂಟುದಾರ. ಉದ್ದಕ್ಕೆ ಸೀಳಿ ತೆಳ್ಳಗೆ ಮಾಡಿಕೊಂಡರೆ ನಮಗೂ ಆಗುತ್ತದೆ.

ಬೇಡುವವರಿಗೆ ನಿಜವಾದ ಅಚ್ಛೇದಿನ ತಂದದ್ದು ಹ್ಯಾಂಗರು. ಹಿಂದಿನ ಗೇರನ್ನು ಫ್ರೇಮಿಗೆ ಜೋಡಿಸುವ ಈ ಪುಟ್ಟ ಅಲ್ಯೂಮಿನಿಯಂ ತುಣುಕನ್ನು ಮುರಿಯಲೆಂದೇ ಮಾಡಿರುತ್ತಾರೆ. ಕಲ್ಲಿಗೆ ತಾಗಿದಾಗ ಫ್ರೇಮು, ಗೇರು ಉಳಿದು ಇದು ಹೋಗಲಿ ಎಂದು. ಮೊದಲೆಲ್ಲ ನೂರಾರು ಆಕಾರದ ಹ್ಯಾಂಗರುಗಳಿದ್ದವು, ಒಬ್ಬರದು ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಹ್ಯಾಂಗರ್ ಮುರಿದವನು ಎಷ್ಟು ಗೋಗರೆದರೂ ಉಪಯೋಗವಿರಲಿಲ್ಲ, ಸೈಕಲ್ ನೂಕಿಕೊಂಡೇ ಊರು ಸೇರಬೇಕಿತ್ತು. 2019ರಲ್ಲಿ ಸ್ರ್ಯಾಮ್ ಕಂಪನಿ ಯೂನಿವರ್ಸಲ್ ಹ್ಯಾಂಗರ್ ತಂದಿತು. ಕಂಪನಿಯ ಮೇಲೆ ಕಂಪನಿ ಅದನ್ನೇ ಒಪ್ಪಿಕೊಂಡಿತು. ಅಂದಿನಿಂದ ರಾಯರ ಹ್ಯಾಂಗರು ಊರ ಹ್ಯಾಂಗರು.

ಮೂರನೆಯ ಕಾರಣ ಈಗ ನಿಮಗೂ ಹೊಳೆದಿರಬೇಕು. ಚೀಲ ಕಂಡರೆ ಕೇಳುತ್ತಾರೆ. ಕಾಣದಿದ್ದರೆ? ಪಾಪ, ಅವರ ಹತ್ತಿರವೂ ಇಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ. ಬರಿಬೆನ್ನಿನ ರಾಯರು ಅಂದು ನಿಜಕ್ಕೂ ಇಳಿಸಿದ್ದು ಸಾಮಾನನ್ನಲ್ಲ, ನಮ್ಮನ್ನು. ಒಂದೆರಡು ವಾರ ನಡೆಯಿತು ಕೂಡ. ಆಮೇಲೆ ಅವತಿ ಬೆಟ್ಟದ ಬುಡದಲ್ಲಿ ಯಾರದೋ ಚೈನು ತುಂಡಾಯಿತು. ರಾಯರು ಆಕಾಶ ನೋಡುತ್ತ ಸಂತಾಪ ಸೂಚಿಸುತ್ತಿದ್ದಾಗ, ಚೈನಿಲ್ಲದ ಮಹಾಶಯ ಒಂದು ಮಾತೂ ಆಡದೆ ಅವರ ಹ್ಯಾಂಡಲಿನ ಎಡತುದಿಯ ಬಿರಡೆ ತಿರುವಿ ಚೈನ್ ಬ್ರೇಕರ್ ಹೊರಗೆಳೆದ. ಈಗ ರಾಯರ ಯಾವ ತೂತಿನಲ್ಲಿ ಏನಿದೆ ಎನ್ನುವುದು ಅವರೊಬ್ಬರನ್ನು ಬಿಟ್ಟು ಗುಂಪಿಗೆಲ್ಲ ಬಾಯಿಪಾಠ.

ಇಷ್ಟೆಲ್ಲ ಅಡಗಿಸಿಟ್ಟೂ ಅವರಲ್ಲಿ ಇಲ್ಲದ ವಸ್ತು ಒಂದೇ, ವಾಲ್ವ್ ಅಡಾಪ್ಟರ್. ಕಿರುಬೆರಳ ಉಗುರಿನಷ್ಟಿರುವ ಹಿತ್ತಾಳೆ ಚೂರು. ನಮ್ಮ ಪ್ರೆಸ್ಟಾ ವಾಲ್ವಿಗೆ ರಸ್ತೆಬದಿಯ ಕಂಪ್ರೆಸರಿನ ಬಾಯಿ ಕೂರಬೇಕಾದರೆ ಅದು ಬೇಕು. ಅದಿದ್ದರೆ ಕರ್ನಾಟಕದ ಪ್ರತಿ ಪಂಕ್ಚರ್ ಅಂಗಡಿಯೂ ನಿಮ್ಮದು. ದೇವನಹಳ್ಳಿ ಕಡೆಯ ಅಂಥದೊಂದು ಅಂಗಡಿಯಲ್ಲಿ, ಬೇಡುವವರೊಬ್ಬರ ಅಡಾಪ್ಟರನ್ನು ರಾಯರೇ ಬೇಡಿ ಪಡೆದು ಗಾಳಿ ಹಿಡಿಸಿಕೊಂಡರು. ಅಂಗಡಿಯ ಹುಡುಗ ಸೈಕಲ್ಲನ್ನು ಸುತ್ತಿ ಸುತ್ತಿ ನೋಡಿ ಬೆಲೆ ಕೇಳಿದ. ರಾಯರು ಅರ್ಧಕ್ಕರ್ಧ ಇಳಿಸಿ ಹೇಳಿದರೂ ಅವನಿಗೆ ಉಸಿರು ಸಿಕ್ಕಿಕೊಂಡಿತು. ಉತ್ಸಾಹ ಹೆಚ್ಚಿದ ರಾಯರು ಬಾಗಿಲು ತೆಗೆದು, ಬಿರಡೆ ಕಿತ್ತು, ಸ್ಟೀರರಿನಿಂದ ಮಲ್ಟಿಟೂಲ್ ಎಳೆದು, ಒಂದೊಂದನ್ನೂ ಬಿಚ್ಚಿ ತೋರಿಸಿದರು. ಹುಡುಗ ಎಲ್ಲವನ್ನೂ ಗೌರವದಿಂದ ನೋಡಿದ. ಆಮೇಲೆ ಕೇಳಿದ:

‘ಇಷ್ಟೊಂದು ದುಡ್ಡು ಕೊಟ್ಟಿದೀರ, ಹಿಂದೆ ಒಂದು ಕ್ಯಾರಿಯರ್ ಹಾಕಿಸ್ಕೋಬಾರ್ದಾ ಸಾರ್? ನಮ್ಮ ತಾತಂದು ಒಂದು ಬಿದ್ದಿದೆ, ತರ್ಲಾ?’